ಇ.ಸಿ.ಯಲ್ಲಿ ಕಾಣದ ಭೋಗ್ಯ: ರಾಯಚೂರಿನಲ್ಲಿ ಮನೆ ಕೊಂಡ ನನ್ನ ಅನುಭವ

2021ರ ಡಿಸೆಂಬರ್‌ನಲ್ಲಿ ರಾಯಚೂರಿನ ಹಳೆಯ ಮನೆಯೊಂದಕ್ಕೆ ನಾನು ಎರಡು ಲಕ್ಷ ರೂಪಾಯಿ ಸಂಚಕಾರ ಕೊಟ್ಟಾಗ ನನ್ನ ಕೈಯಲ್ಲಿ ನಾಲ್ಕು ಕಾಗದಗಳಿದ್ದವು: ನಗರಸಭೆಯ ಖಾತೆಯ ಕಾಗದವಾದ ನಮೂನೆ-3, ಆ ವರ್ಷದ ಆಸ್ತಿ ತೆರಿಗೆಯ ರಸೀದಿ, ಮಾರುವವರ ತಂದೆ 1983ರಲ್ಲಿ ಮಾಡಿಸಿಕೊಂಡಿದ್ದ ಕ್ರಯಪತ್ರದ ನಕಲು ಮತ್ತು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ. ನಾವೆಲ್ಲ ಇ.ಸಿ. ಎಂದು ಕರೆಯುವ ಈ ಕೊನೆಯ ಕಾಗದ ನಮೂನೆ-16ರಲ್ಲಿ ಬಂದಿತ್ತು. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದರೆ ಅವುಗಳ ಪಟ್ಟಿ ನಮೂನೆ-15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ-16 ಬರುತ್ತದೆ. ಸಾಲವಿಲ್ಲ, ಅಡಮಾನವಿಲ್ಲ, ಪರಭಾರೆಯಿಲ್ಲ ಎಂದು ಓದಿ ನಾನು ನಿಶ್ಚಿಂತನಾದೆ. ಮನೆಯೊಳಗೆ ಒಂದು ಕುಟುಂಬ ವಾಸವಾಗಿತ್ತು. "ಬಾಡಿಗೆಯವರು, ಹೇಳಿದ ತಿಂಗಳು ಖಾಲಿ ಮಾಡ್ತಾರ" ಎಂದು ಮಾರುವ ಕುಟುಂಬದ ಹಿರಿಯ ಮಗ ಹೇಳಿದ್ದನ್ನು ನಾನು ಹಾಗೆಯೇ ನಂಬಿದ್ದೆ.

ಹದಿನೈದು ದಿನ ಕಳೆದ ಮೇಲೆ ಹಿಂಗೋಡೆಯ ಬಿರುಕನ್ನು ತೋರಿಸಲು ಗೌಂಡಿಯೊಬ್ಬರನ್ನು ಕರೆದುಕೊಂಡು ಹೋದೆ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಿಗೆ ಆ ಬಿರುಕು ಹೊಸದೇನಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಆ ಮಣ್ಣು, ಪಾಯ ಆಳವಾಗಿಲ್ಲದ ಗೋಡೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸೀಳುತ್ತದೆ. ಗೌಂಡಿ ಗೋಡೆ ನೋಡುತ್ತಿದ್ದಾಗ ಒಳಗಿನಿಂದ ಬಂದ ಗೃಹಿಣಿ ನನ್ನನ್ನು ಕೇಳಿದ ಮೊದಲ ಮಾತು, "ಮಾಸ್ತರ್ರ, ಮನಿ ನೀವು ತಗೊಳ್ಳಾಕತ್ತೀರಂತ. ನಮ್ಮ ರೊಕ್ಕ ಯಾರು ಕೊಡ್ತಾರ್ರಿ?"

ಅವರು ಬಾಡಿಗೆದಾರರಾಗಿರಲಿಲ್ಲ. ನಾಲ್ಕು ಲಕ್ಷ ರೂಪಾಯಿ ಕೊಟ್ಟು ಮನೆಯನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡಿದ್ದರು, ಅಂದರೆ ತಿಂಗಳ ಬಾಡಿಗೆ ಕೊಡದೆ ಇದ್ದು, ಮನೆ ಬಿಡುವಾಗ ಆ ಹಣವನ್ನು ಮರಳಿ ಪಡೆಯುವ ಕರಾರು. ಯಜಮಾನರು ಅರಳೆ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಆ ಹಣ ಊರಿನಲ್ಲಿದ್ದ ಎರಡು ಎಕರೆ ಹೊಲ ಮಾರಿ ಬಂದದ್ದು. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ ನೋಟರಿಯವರ ಮೊಹರು ಹಾಕಿಸಿದ್ದ ಭೋಗ್ಯಪತ್ರವನ್ನು ಅವರು ಪೆಟ್ಟಿಗೆಯಿಂದ ತೆಗೆದು ತೋರಿಸಿದಾಗ ನನ್ನ ಕೈಯಲ್ಲಿದ್ದ ನಮೂನೆ-16 ಎಷ್ಟು ಕಡಿಮೆ ಹೇಳುತ್ತದೆ ಎಂಬುದು ನನಗೆ ಅರ್ಥವಾಯಿತು.

ಭೋಗ್ಯವೆಂದರೆ ಕಾನೂನಿನ ಮಾತಿನಲ್ಲಿ ಸ್ವಾಧೀನಸಹಿತ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೇ ಕಲಮಿನಲ್ಲಿ ಇದರ ವಿವರಣೆಯಿದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ಅಡಮಾನವನ್ನು ನೋಂದಣಿ ಮಾಡಿಸಿಯೇ ಮಾಡಬೇಕೆಂದು 59ನೇ ಕಲಮು ಹೇಳುತ್ತದೆ. ಆದರೆ ನಮ್ಮ ಭಾಗದಲ್ಲಿ ಭೋಗ್ಯಪತ್ರ ನೋಂದಣಿ ಮಾಡಿಸುವವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಮುದ್ರಾಂಕ ಶುಲ್ಕ ಉಳಿಸಬೇಕೆಂದು ಮಾಲೀಕರು ನೋಟರಿಯ ಕಾಗದಕ್ಕೆ ನಿಲ್ಲುತ್ತಾರೆ, ಮನೆ ಸಿಕ್ಕರೆ ಸಾಕೆಂದು ಹಣ ಕೊಡುವವರೂ ಒಪ್ಪುತ್ತಾರೆ. ಮೊತ್ತ ಗೊತ್ತುಮಾಡುವ ಲೆಕ್ಕ ಎಲ್ಲರಿಗೂ ತಿಳಿದದ್ದೇ: ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿದರೆ ನಾಲ್ಕು ಲಕ್ಷಕ್ಕೆ ಎಂಟು ಸಾವಿರವಾಗುತ್ತದೆ, ಆ ಮನೆಗೆ ಬರಬಹುದಾದ ಬಾಡಿಗೆಯೂ ಅಷ್ಟೇ. ನೋಂದಣಿಯಾಗದ ಪತ್ರ ಉಪನೋಂದಣಿ ಕಚೇರಿಯ ಪುಸ್ತಕಕ್ಕೆ ಹೋಗುವುದಿಲ್ಲ, ಪುಸ್ತಕದಲ್ಲಿ ಇಲ್ಲದ್ದು ಇ.ಸಿ.ಯಲ್ಲಿ ಬರುವುದಿಲ್ಲ. ನನಗೆ ಸಾಲ ಮಂಜೂರು ಮಾಡಬೇಕಿದ್ದ ಬ್ಯಾಂಕಿನ ವಕೀಲರೂ ಕಾಗದಗಳನ್ನಷ್ಟೇ ನೋಡಿ ಹಕ್ಕು ಸ್ವಚ್ಛವಾಗಿದೆ ಎಂದು ಬರೆದಿದ್ದರು. ಮೌಲ್ಯಮಾಪನಕ್ಕೆ ಬಂದ ಎಂಜಿನಿಯರ್ ಟೇಪು ಹಿಡಿದು ಕೋಣೆಗಳನ್ನು ಅಳೆದರೇ ಹೊರತು ಒಳಗಿದ್ದವರನ್ನು ಒಂದು ಮಾತೂ ಕೇಳಲಿಲ್ಲ.

ಆ ಸಂಜೆ ನಾನು ಪರಿಚಯದ ವಕೀಲರ ಬಳಿ ಹೋದೆ. ಅದೇ ಕಾಯಿದೆಯ 3ನೇ ಕಲಮಿನ ಎರಡನೆಯ ವಿವರಣೆಯನ್ನು ಅವರು ನನಗೆ ಓದಿ ಹೇಳಿದರು. ಸ್ಥಿರಾಸ್ತಿಯನ್ನು ಕೊಳ್ಳುವವನಿಗೆ, ಆ ಸಮಯದಲ್ಲಿ ಅದು ಯಾರ ವಾಸ್ತವಿಕ ಸ್ವಾಧೀನದಲ್ಲಿದೆಯೋ ಅವರಿಗೆ ಅದರಲ್ಲಿ ಏನಾದರೂ ಹಕ್ಕಿದ್ದರೆ, ಆ ಹಕ್ಕಿನ ತಿಳಿವಳಿಕೆ ಇತ್ತೆಂದೇ ಕಾನೂನು ಭಾವಿಸುತ್ತದೆ. ಮನೆಯೊಳಗೆ ಇರುವವರೇ ಕೊಳ್ಳುವವನಿಗೆ ಒಂದು ನೋಟಿಸು. ಬಾಗಿಲು ತಟ್ಟಿ ಕೇಳಲಿಲ್ಲವೆಂದು ಆಮೇಲೆ ಹೇಳಿದರೆ ನಡೆಯುವುದಿಲ್ಲ. ನೋಂದಣಿಯಾಗದ ಭೋಗ್ಯಪತ್ರ ಅಡಮಾನವೆಂದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವೆಂದೂ, ಹಾಗೆಂದು ನಾಲ್ಕು ಲಕ್ಷ ಕೊಟ್ಟು ಒಳಗಿರುವ ಕುಟುಂಬವನ್ನು ಹೊರಹಾಕುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲವೆಂದೂ ಅವರು ಹೇಳಿದರು.

ನ್ಯಾಯವಲ್ಲ ಎಂಬ ಮಾತು ನನಗೆ ಬೇಗ ತಾಗಲು ಕಾರಣವಿದೆ. ಸಿಂಧನೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ನಾನೂ ಒಂದೂವರೆ ಲಕ್ಷ ಕೊಟ್ಟು ಭೋಗ್ಯದ ಮನೆಯಲ್ಲಿದ್ದೆ. ವರ್ಗಾವಣೆಯಾಗಿ ಹೊರಟಾಗ ಮಾಲೀಕರ ಬಳಿ ಹಣವಿರಲಿಲ್ಲ, ಅವರು ಅದನ್ನು ಮಗಳ ಮದುವೆಗೆ ಖರ್ಚು ಮಾಡಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರ ಸಲಹೆಯಂತೆ ಖಾಲಿ ಮನೆಯ ಕೀಲಿಯನ್ನು ನಾನೇ ಇಟ್ಟುಕೊಂಡೆ. ಹದಿನಾಲ್ಕು ತಿಂಗಳಲ್ಲಿ ನಾಲ್ಕು ಕಂತಾಗಿ ಹಣ ಮರಳಿದ ಮೇಲೆ ಕೀಲಿ ಕೊಟ್ಟೆ. ಆ ಹದಿನಾಲ್ಕು ತಿಂಗಳು ನನ್ನ ಹೆಂಡತಿ ಪಟ್ಟ ಆತಂಕ ನನಗೆ ನೆನಪಿತ್ತು. ಈ ಮನೆಯ ಗೃಹಿಣಿಯ ಪ್ರಶ್ನೆಯಲ್ಲಿ ಅದೇ ಆತಂಕವಿತ್ತು.

ಭೋಗ್ಯಪತ್ರವನ್ನು ಸಾವಧಾನವಾಗಿ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಅದರಲ್ಲಿ ಸಹಿ ಇದ್ದದ್ದು ಹಿರಿಯ ಮಗನದ್ದು ಮಾತ್ರ. 2014ರಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡ ಮೇಲೆ ಉಳಿದವರ ಬಾಯಿಮಾತಿನ ಒಪ್ಪಿಗೆಯ ಮೇಲೆ ಖಾತೆ ಹಿರಿಯ ಮಗನ ಹೆಸರಿಗೆ ಬಂದಿತ್ತು. ನಮೂನೆ-3ರಲ್ಲಿ ಅವನ ಹೆಸರಿದ್ದ ಮಾತ್ರಕ್ಕೆ ಮನೆ ಅವನೊಬ್ಬನದಾಗುವುದಿಲ್ಲ. ಖಾತೆ ತೆರಿಗೆಯ ಲೆಕ್ಕಕ್ಕೆ ಇರುವ ದಾಖಲೆ, ಹಕ್ಕುಪತ್ರವಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಹೀಗೆ ಐವರಿಗೂ ಸಮಪಾಲು. ಒಬ್ಬ ಮಗಳು ದೇವದುರ್ಗದಲ್ಲಿ, ಇನ್ನೊಬ್ಬಳು ಗದ್ವಾಲದಲ್ಲಿ ಇದ್ದರು. ಭೋಗ್ಯದ ಹಣ ಬಂದದ್ದು, ಅದು ಹಿರಿಯ ಮಗನ ಅಂಗಡಿಗೆ ಹೋದದ್ದು ಅವರಿಬ್ಬರಿಗೂ ಗೊತ್ತಿರಲಿಲ್ಲ. "ತಂಗ್ಯಾರು ಬಂದು ಸಹಿ ಮಾಡ್ತಾರ, ಅದೇನು ದೊಡ್ಡ ಮಾತಲ್ಲ" ಎಂದು ಅವನು ನನಗೆ ಹೇಳಿದ್ದನ್ನು ನಾನು ಸಂಚಕಾರ ಕೊಡುವ ಮೊದಲೇ ಪರೀಕ್ಷಿಸಬೇಕಿತ್ತು. ವಂಶಾವಳಿಯನ್ನು ಮೊದಲು ಕೇಳಬೇಕಿತ್ತು, ಅದರಲ್ಲಿರುವ ಪ್ರತಿಯೊಬ್ಬರೊಂದಿಗೂ ಮಾತನಾಡಬೇಕಿತ್ತು. ಆ ತಪ್ಪು ನನ್ನದೇ.

ಅಳತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ವಹಿಸಿದ್ದೆ. ನಮೂನೆ-3 ನಿವೇಶನ 2,400 ಚದರ ಅಡಿ ಎಂದು ಹೇಳುತ್ತಿತ್ತು. 1983ರ ಕ್ರಯಪತ್ರದಲ್ಲಿ ಅಳತೆಯೇ ಇರಲಿಲ್ಲ, "ಹಿಂದಿನ ಪತ್ರದಂತೆ" ಎಂದಷ್ಟೇ ಇತ್ತು. ಹಿಂದಿನ ಪತ್ರ 1952ರದು, ಉರ್ದುವಿನಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ನಮ್ಮಲ್ಲಿ ಹಳೆಯ ಮನೆ ಕೊಳ್ಳುವವರಿಗೆ ಉರ್ದು ಬಲ್ಲವರೊಬ್ಬರ ಸಹಾಯ ಬೇಕೇ ಬೇಕಾಗುತ್ತದೆ. ನಮ್ಮ ಶಾಲೆಯ ಉರ್ದು ಶಿಕ್ಷಕರು ಎರಡು ಸಂಜೆ ಕುಳಿತು ಓದಿ, 240 ಚದರ ಗಜವೆಂದೂ ನಾಲ್ಕು ದಿಕ್ಕಿನ ಚಕ್ಕುಬಂದಿ ಹೀಗೆಂದೂ ಬರೆದುಕೊಟ್ಟರು. ಒಂದು ಚದರ ಗಜಕ್ಕೆ ಒಂಬತ್ತು ಚದರ ಅಡಿಯಂತೆ ಅದು 2,160 ಚದರ ಅಡಿ. ನಾವು ಅಳೆದು ನೋಡಿದಾಗಲೂ 36 ಅಡಿ ಅಗಲ, 60 ಅಡಿ ಉದ್ದ ಸಿಕ್ಕಿತು. ಗಜವನ್ನು ಅಡಿಗೆ ತಿರುಗಿಸುವಾಗ ಎಲ್ಲೋ ಹತ್ತರಿಂದ ಗುಣಿಸಿದ್ದರು. ಇಲ್ಲದ 240 ಚದರ ಅಡಿಗೆ ನಾನು ಹಣ ಕೊಡಲಾರೆನೆಂದು ಹೇಳಿದ ಮೇಲೆ ನಲವತ್ತು ಲಕ್ಷದ ಮಾತು ಮೂವತ್ತೆಂಟಕ್ಕೆ ಬಂದು ನಿಂತಿತು, ಕ್ರಯಪತ್ರದಲ್ಲಿಯೂ ನೆಲದ ಮೇಲಿರುವ ಅಳತೆಯನ್ನೇ ಬರೆಸಿದೆ.

ಜನವರಿಯ ಒಂದು ಭಾನುವಾರ ಐವರು ವಾರಸುದಾರರನ್ನೂ ಭೋಗ್ಯದ ಕುಟುಂಬವನ್ನೂ ಅದೇ ಮನೆಯ ಪಡಸಾಲೆಯಲ್ಲಿ ಕೂಡಿಸಿದೆ. ನಾಲ್ಕು ತಾಸಿನ ಮಾತು ಅದು. ಹೆಣ್ಣುಮಕ್ಕಳಿಗೆ ಭೋಗ್ಯದ ಸಂಗತಿ ತಿಳಿದದ್ದು ಆಗಲೇ, ದೇವದುರ್ಗದವರು ಎದ್ದು ಹೊರಡಲೂ ಸಿದ್ಧರಾದರು. "ನಾಲ್ಕು ಲಕ್ಷ ನಾನು ಕೊಟ್ಟು ಬಿಡಿಸ್ತೀನಿ, ನೀವು ಕ್ರಯಕ್ಕೆ ಬರ್ರಿ" ಎಂಬ ಹಿರಿಯ ಮಗನ ಮಾತನ್ನು ನಾನು ಒಪ್ಪಲಿಲ್ಲ. ಆ ಹಣ ನನ್ನ ಖಾತೆಯಿಂದ ನೇರವಾಗಿ ಭೋಗ್ಯದವರ ಖಾತೆಗೆ ಹೋಗಬೇಕು, ಅದು ಕ್ರಯಪತ್ರದಲ್ಲಿ ಬರಬೇಕು ಎಂಬ ಒಂದೇ ಷರತ್ತಿಗೆ ಗಟ್ಟಿಯಾಗಿ ನಿಂತೆ. ಕೊನೆಗೆ ತಾಯಿಯೇ ತೀರ್ಮಾನ ಹೇಳಿದರು: ತಿಂದವನ ಪಾಲಿನಲ್ಲಿ ಕಳೆಯಿರಿ. ಮೂವತ್ತೆಂಟು ಲಕ್ಷದಲ್ಲಿ ಒಬ್ಬೊಬ್ಬರಿಗೆ ಏಳು ಲಕ್ಷ ಅರುವತ್ತು ಸಾವಿರ. ಹಿರಿಯ ಮಗನ ಪಾಲಿನಿಂದ ಭೋಗ್ಯದ ನಾಲ್ಕು ಲಕ್ಷ ಮತ್ತು ಅವನು ಆಗಲೇ ಪಡೆದಿದ್ದ ಸಂಚಕಾರದ ಎರಡು ಲಕ್ಷ ಕಳೆದು ಒಂದು ಲಕ್ಷ ಅರುವತ್ತು ಸಾವಿರ ಉಳಿಯಿತು. ಇದನ್ನೆಲ್ಲ ಹೊಸ ಕರಾರುಪತ್ರದಲ್ಲಿ ಬರೆದು ಐವರೂ ಸಹಿ ಮಾಡಿದರು. ಸಂಚಕಾರವನ್ನು ನಾನು ಚೆಕ್ಕಿನಲ್ಲಿ ಕೊಟ್ಟಿದ್ದರಿಂದ ಅದರ ಬಗ್ಗೆ ತಕರಾರು ಬರಲಿಲ್ಲ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯಿದೆ 2015ರಿಂದಲೇ ನಿಷೇಧಿಸಿದೆ, ಆದರೂ ನಗದನ್ನೇ ಕೇಳುವವರು ಇದ್ದಾರೆ.

2022ರ ಏಪ್ರಿಲ್ ಕೊನೆಯಲ್ಲಿ ನೋಂದಣಿಯಾಯಿತು. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಶೇಕಡಾ 10ರ ಸೆಸ್ಸು ಮತ್ತು ನಗರ ಪ್ರದೇಶದ ಶೇಕಡಾ 2ರ ಅಧಿಕ ಶುಲ್ಕ, ಜೊತೆಗೆ ನೋಂದಣಿ ಶುಲ್ಕ ಶೇಕಡಾ 1. ಎಲ್ಲ ಸೇರಿ ನಾನು ಕಟ್ಟಿದ್ದು 2,50,800 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 2 ಆಗಿರುವುದರಿಂದ ಈಗ ಕೊಳ್ಳುವವರು ಇನ್ನಷ್ಟು ಹಣ ತೆಗೆದಿಡಬೇಕು. ಆ ದಿನ ಬೆಳಿಗ್ಗೆ ನಾಲ್ಕು ಲಕ್ಷವನ್ನು ಭೋಗ್ಯದವರ ಖಾತೆಗೆ ಕಳುಹಿಸಿ, ಅದರ ವ್ಯವಹಾರ ಸಂಖ್ಯೆಯನ್ನು ಕ್ರಯಪತ್ರದಲ್ಲಿ ಬರೆಸಿದೆ. ಅವರು ಸಮ್ಮತಿ ಸಾಕ್ಷಿಯಾಗಿ ಸಹಿ ಮಾಡಿದರು. ಮೂಲ ಭೋಗ್ಯಪತ್ರದ ಹಿಂಬದಿಯಲ್ಲಿ "ಹಣ ಪೂರ್ತಿ ಮುಟ್ಟಿದೆ, ಮನೆಯ ಮೇಲೆ ಯಾವ ಹಕ್ಕೂ ಉಳಿದಿಲ್ಲ" ಎಂದು ಬರೆದುಕೊಟ್ಟರು. ಆ ಹಾಳೆಯನ್ನು ನಾನು ಇಂದಿಗೂ ಕ್ರಯಪತ್ರದ ಜೊತೆಯಲ್ಲಿಯೇ ಇಟ್ಟಿದ್ದೇನೆ.

ಹಣ ಮುಟ್ಟಿದರೂ ಅವರು ಕೂಡಲೇ ಹೊರಡುವಂತಿರಲಿಲ್ಲ. ಅವರ ಮಗಳು ದ್ವಿತೀಯ ಪಿಯುಸಿಗೆ ಕಾಲಿಡುತ್ತಿದ್ದಳು. ನಮಗೂ ಅವಸರವಿರಲಿಲ್ಲ. ಹೀಗಾಗಿ ನಾನು ಮಾಲೀಕನಾದ ಮೊದಲ ವಾರದಲ್ಲಿಯೇ ಬಾಡಿಗೆ ಕರಾರು ಬರೆದೆ: ಮೇ ತಿಂಗಳಿಂದ ಹನ್ನೊಂದು ತಿಂಗಳು, ತಿಂಗಳಿಗೆ ಎಂಟು ಸಾವಿರ, ಠೇವಣಿ ನಲವತ್ತು ಸಾವಿರ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದಲೇ ಹನ್ನೊಂದು ತಿಂಗಳ ರೂಢಿ ಬಂದಿದೆ. ಜೆಸ್ಕಾಂ ಮೀಟರಿನ ಆ ದಿನದ ಅಂಕಿ, ಫ್ಯಾನುಗಳ ಎಣಿಕೆ, ಒಡೆದಿದ್ದ ಎರಡು ಶಹಾಬಾದ್ ಕಲ್ಲು, ಹಿಂಗೋಡೆಯ ಬಿರುಕು ಎಲ್ಲವನ್ನೂ ಇಬ್ಬರೂ ನಿಂತು ನೋಡಿ, ಫೋಟೊ ತೆಗೆದು, ಕರಾರಿನ ಕೊನೆಯಲ್ಲಿ ಬರೆದೆವು. ಸುಣ್ಣ ಬಣ್ಣದ ಖರ್ಚೆಂದು ಠೇವಣಿಯಲ್ಲಿ ಕಡಿತ ಮಾಡುವುದಿಲ್ಲವೆಂದು ನಾನೇ ಸೇರಿಸಿದೆ, ಏಕೆಂದರೆ ಬಾಡಿಗೆದಾರನಾಗಿ ನಾನು ಹೆಚ್ಚು ಕಳೆದುಕೊಂಡದ್ದು ಆ ಹೆಸರಿನಲ್ಲಿಯೇ.

2023ರ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಅವರು ಮನೆ ಬಿಟ್ಟರು. ನಲವತ್ತು ಸಾವಿರವನ್ನು ಪೂರ್ತಿಯಾಗಿ ಖಾತೆಗೆ ಹಾಕಿ ರಸೀದಿ ಪಡೆದೆ. ಎರಡು ತಿಂಗಳ ನಂತರ ಯಜಮಾನರು ಒಂದು ಕಾಗದ ಹಿಡಿದು ಬಂದರು. ಊರ ಹೊರಗೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ನಿವೇಶನವೊಂದನ್ನು ನೋಡಿದ್ದರು. ಅವರ ಕೈಯಲ್ಲಿದ್ದದ್ದು ನಮೂನೆ 11-ಬಿ, ಅಂಥ ಪರಿವರ್ತನೆ, ಅನುಮೋದನೆ ಇಲ್ಲದ ಆಸ್ತಿಗೆ ಪಂಚಾಯಿತಿ ಕೊಡುವ ಕಾಗದ. ಕೃಷಿಯೇತರ ಪರಿವರ್ತನೆಯಾಗಿ ವಿನ್ಯಾಸಕ್ಕೆ ಅನುಮೋದನೆ ಸಿಕ್ಕಿದ ನಿವೇಶನಕ್ಕೆ ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತುವಿನಲ್ಲಿ ನಮೂನೆ 9 ಮತ್ತು 11-ಎ ಬರಬೇಕೆಂದು ಅವರಿಗೆ ಹೇಳಿ, ಮರುದಿನ ಇಬ್ಬರೂ ಹೋಗಿ ಆ ಹೊಲದ ಪಹಣಿ ತೆಗೆಸಿದೆವು. ಅದು ಇನ್ನೂ ಖುಷ್ಕಿ, ಅಂದರೆ ಮಳೆಯಾಶ್ರಿತ ಬೇಸಾಯದ ಜಮೀನಾಗಿಯೇ ಇತ್ತು, ಪಹಣಿಯಲ್ಲಿ ಮೂವರ ಹೆಸರಿತ್ತು, ಮಾರಲು ಬಂದಿದ್ದವನು ಅವರಲ್ಲೊಬ್ಬ. ಉಳಿದಿಬ್ಬರು ಎಲ್ಲಿದ್ದಾರೆಂದು ಅವನನ್ನು ಕೇಳಿದವರು ಯಜಮಾನರೇ, ನಾನು ಪಕ್ಕದಲ್ಲಿ ನಿಂತಿದ್ದೆ.