ಕೂಸಿಗಿಂತ ಮುಂಚೆ ಕುಲಾವಿ: ನನ್ನ ರಿಸರ್ಚ್ ಪೇಪರ್ ಅನುಭವ

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದ್ದೀಯಲ್ಲ" ಅಂತ ಗೈಡ್ ನಕ್ಕರು. ಅವರ ಮೇಜಿನ ಮೇಲೆ ನಾನು ಇಟ್ಟಿದ್ದು ಮೂರು ಖಾಲಿ ಟೇಬಲ್. ಸಾಲುಗಳಿಗೂ ಕಾಲಂಗಳಿಗೂ ಹೆಸರಿತ್ತು, ಒಳಗೆ ಒಂದು ಅಂಕಿಯೂ ಇರಲಿಲ್ಲ. ಡೇಟಾ ತೆಗೆದಿರಲಿಲ್ಲ. ಪ್ರಶ್ನಾವಳಿ ಬರೆದಿರಲಿಲ್ಲ. ಇಂಟ್ರೊಡಕ್ಷನ್ ಅಂತೂ ಕೇಳಲೇಬೇಡಿ.

ಕ್ಲಾಸಿನವರೂ ಬಿಡಲಿಲ್ಲ. "ಮೊದಲು ಓದು, ಆಮೇಲೆ ಬರಿ" ಅಂದರು ಕೆಲವರು. "ರಿಸಲ್ಟ್ ಮೊದಲೇ ಫಿಕ್ಸ್ ಮಾಡ್ಕೊಂಡಿದ್ದೀಯಾ?" ಅಂತ ಕಣ್ಣು ಹೊಡೆದರು ಇನ್ನು ಕೆಲವರು. ಸುಮಾರು ಹನ್ನೊಂದು ವಾರ ಆದಮೇಲೆ ಬ್ಯಾಚಿನಲ್ಲಿ ಮೊದಲು ಪೇಪರ್ ಕೊಟ್ಟವನು ನಾನೇ. ಜಂಬ ಅಂದುಕೊಂಡರೂ ಪರವಾಗಿಲ್ಲ. ಅದಕ್ಕೂ ಮುಂಚೆ ಎರಡು ಸಲ ಚೆನ್ನಾಗಿ ಬಿದ್ದಿದ್ದೇನೆ, ಇಷ್ಟು ಜಂಬಕ್ಕೆ ಹಕ್ಕಿದೆ.

ಮೊದಲ ಸಲ ಬಿದ್ದಿದ್ದು ಟಾಪಿಕ್ಕಿನಲ್ಲಿ. "ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮ" ಅಂತ ಇಟ್ಟುಕೊಂಡಿದ್ದೆ. ಎಲ್ಲರೂ ಒಂದು ಸಲ ಇಟ್ಟುಕೊಳ್ಳುವ ಟಾಪಿಕ್ಕೇ, ಅಲ್ವಾ? ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿದೆ. ನೂರಾ ಹತ್ತೋ ನೂರಾ ಇಪ್ಪತ್ತೋ ಪಿಡಿಎಫ್ ಆಯ್ತು. ಪೂರ್ತಿ ಓದಿದ್ದು ಇಪ್ಪತ್ತೂ ಇಲ್ಲ. ರೆಫರೆನ್ಸ್ ಜೋಡಿಸಿಡುವ ಝೊಟೆರೊ ಅನ್ನುವ ಸಾಫ್ಟ್‌ವೇರಿನಲ್ಲಿ ಪುಕ್ಕಟೆ ಸಿಗುವ 300 ಎಂಬಿ ಜಾಗ ತುಂಬಿ, ದುಡ್ಡು ಕೊಟ್ಟು ಜಾಸ್ತಿ ಜಾಗ ತೆಗೆದುಕೊಳ್ಳೋಣ ಅನ್ನುವವರೆಗೆ ಹೋಗಿದ್ದೆ. ಆಮೇಲೆ ಗೊತ್ತಾಯ್ತು, ಪಿಡಿಎಫ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಬರೀ ರೆಫರೆನ್ಸ್ ವಿವರಗಳನ್ನು ಸಿಂಕ್ ಮಾಡಿದರೆ ಆ ಮಿತಿ ಲೆಕ್ಕಕ್ಕೇ ಬರುವುದಿಲ್ಲ ಅಂತ. ಆ ದುಡ್ಡು ಉಳಿಯಿತು, ಸೆಮಿಸ್ಟರ್ ಉಳಿಯಲಿಲ್ಲ. ಮೂರು ತಿಂಗಳ ಕೊನೆಗೆ ನನ್ನ ಹತ್ತಿರ ಇದ್ದದ್ದು ಒಂಬತ್ತು ಪುಟದ ಇಂಟ್ರೊಡಕ್ಷನ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎರಡನೇ ಸಲ ಬಿದ್ದಿದ್ದು ದುಡ್ಡಿನಲ್ಲಿ. ಅದನ್ನು ಹೇಳಿಕೊಳ್ಳೋಕೆ ಈಗಲೂ ಮುಜುಗರ. ಬೇಗ ಬೇಗ ಒಂದು ಪೇಪರ್ ಗೀಚಿದೆ. ಅನಾಲಿಸಿಸ್ ನನಗೆ ಬರಲ್ಲ ಅಂತ ಹೆದರಿ, ದುಡ್ಡಿಗೆ ಮಾಡಿಕೊಡುವ ಒಬ್ಬರ ಹತ್ತಿರ ಹೋದೆ. ಅವರು ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರಿನಿಂದ ತೆಗೆದ ನಲವತ್ತು ಪುಟದ ಔಟ್‌ಪುಟ್ ಕೊಟ್ಟರು. ಅದರಲ್ಲಿ ಯಾವ ಸಂಖ್ಯೆ ನನ್ನ ಯಾವ ಪ್ರಶ್ನೆಗೆ ಉತ್ತರ ಅಂತ ನನಗೂ ಗೊತ್ತಾಗಲಿಲ್ಲ, ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಂದು ಜರ್ನಲ್‌ನಿಂದ ಮೇಲ್ ಬಂತು. ನನ್ನನ್ನು "ಗೌರವಾನ್ವಿತ ಪ್ರೊಫೆಸರ್" ಅಂತ ಕರೆದಿದ್ದರು. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿ ಬಂತು. ನಾಲ್ಕೇ ದಿನದಲ್ಲಿ ರಿವ್ಯೂ ಮುಗಿಯಿತು. ರಿವ್ಯೂ ಅಂದರೆ ಒಂದೇ ಸಾಲು: ಪೇಪರ್ ಚೆನ್ನಾಗಿದೆ, ಫೀಸ್ ಕಟ್ಟಿ. ಕಟ್ಟಿದೆ. ಎರಡೂ ಸೇರಿ ನನ್ನ ಎರಡು ತಿಂಗಳ ಖರ್ಚಿನ ಹಣ ಹೋಯಿತು. ಕಾಲೇಜಿನಲ್ಲಿ ಆ ಪ್ರಕಟಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈಗ ಯಾವ ಜರ್ನಲ್ ಕಂಡರೂ ಮೊದಲು ಡಿಒಎಜೆ ಪಟ್ಟಿಯಲ್ಲಿ ಹುಡುಕುತ್ತೇನೆ. ಅದು ಓಪನ್ ಆಕ್ಸೆಸ್ ಜರ್ನಲ್‌ಗಳ ಪಟ್ಟಿ, 2003ರಿಂದ ಇದೆ, ನೋಡೋಕೆ ಕಾಸಿಲ್ಲ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಅವತ್ತು ನನ್ನ ಹತ್ತಿರ ಇರಲಿಲ್ಲ!

ಆ ನಲವತ್ತು ಪುಟ ನೋಡಿ ಸಿಟ್ಟು ಬಂದಾಗಲೇ ಖಾಲಿ ಟೇಬಲ್ ಹೊಳೆದದ್ದು. ನನಗೆ ಯಾವ ಟೇಬಲ್ ಬೇಕು ಅಂತ ನನಗೇ ಗೊತ್ತಿಲ್ಲದಿದ್ದರೆ ಇನ್ನೊಬ್ಬರು ಏನು ಕೊಟ್ಟಾರು? ಇದೇನೂ ನನ್ನ ಸ್ವಂತ ಶೋಧ ಅಲ್ಲ. ಸರ್ವೇ ಮಾಡುವವರು ಡಮ್ಮಿ ಟೇಬಲ್ ಅಂತ ಕರೆಯುತ್ತಾರೆ, ಹಳೇ ಪದ್ಧತಿ. ನಮ್ಮ ಕ್ಲಾಸಿನಲ್ಲಿ ಯಾರೂ ಮಾಡುತ್ತಿರಲಿಲ್ಲ, ಅಷ್ಟೇ.

ಈ ಸಲ ಟಾಪಿಕ್ ಚಿಕ್ಕದು. ಕ್ಲಾಸಿನಲ್ಲಿ ಬೋರ್ಡಿನ ಫೋಟೋ ತೆಗೆದುಕೊಳ್ಳುತ್ತೇವಲ್ಲ, ಅದನ್ನು ಮತ್ತೆ ತೆರೆದು ನೋಡುತ್ತೇವಾ? ಇಷ್ಟೇ. "ಇದೂ ಒಂದು ಟಾಪಿಕ್ಕಾ" ಅಂದರು. ಆದರೆ ಹುಡುಕಿದರೆ ಆಚೀಚೆ ಬೇಕಾದಷ್ಟು ಕೆಲಸ ಆಗಿದೆ. ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ 2014ರಲ್ಲಿ ಒಂದು ಮ್ಯೂಸಿಯಂ ಪ್ರಯೋಗ ಪ್ರಕಟಿಸಿದರು. ಬರೀ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು. ಮಜಾ ಏನಂದರೆ, ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಅದೇ ವರ್ಷ ಮುಲ್ಲರ್ ಮತ್ತು ಓಪನ್‌ಹೈಮರ್ ಲ್ಯಾಪ್‌ಟಾಪ್ ನೋಟ್ಸ್‌ಗಿಂತ ಕೈಬರಹದ ನೋಟ್ಸ್ ಮೇಲು ಅಂದರು. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ನಾನೂ ಉದ್ಧರಿಸಿ ಸುಮ್ಮನಾಗುತ್ತಿದ್ದೆ. ಈ ಸಲ ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಅದರ ಕೆಳಗಿನ "ಸೈಟೆಡ್ ಬೈ" ಒತ್ತಿ, ಅದನ್ನು ಉದ್ಧರಿಸಿದವುಗಳಲ್ಲಿ ಇತ್ತೀಚಿನದು ಯಾವುದು ಅಂತ ನೋಡಿದೆ. 2021ರಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದವರಿಗೆ ಪರೀಕ್ಷೆಯ ಅಂಕದಲ್ಲಿ ಆ ಲಾಭ ಸಿಕ್ಕಿರಲಿಲ್ಲ. ಆ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಏನು ಸಿಕ್ಕಿತು? ಗೈಡ್ ಕೇಳಿದ ಮೊದಲ ಪ್ರಶ್ನೆಯೇ ಇದು. ನನ್ನ ಹತ್ತಿರ ಉತ್ತರ ರೆಡಿ ಇತ್ತು. ಅವರು ನಗುವುದನ್ನು ನಿಲ್ಲಿಸಿದ್ದು ಅವತ್ತೇ.

ಈಗ ಟೇಬಲ್ಲಿಗೆ ಬರೋಣ. ಮೊದಲ ಟೇಬಲ್ಲಿನಲ್ಲಿ ಅಡ್ಡಕ್ಕೆ ಐದು ಉತ್ತರ ಹಾಕಿದ್ದೆ: ಯಾವಾಗಲೂ, ಹೆಚ್ಚಾಗಿ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ. ಉದ್ದಕ್ಕೆ ನಾಲ್ಕು ಗುಂಪು. ಇಪ್ಪತ್ತು ಮನೆ ಆಯ್ತು. ನನಗೆ ಸಿಗಬಹುದಾದ ಜನ ಅರವತ್ತು, ಅರವತ್ತೈದು. ಪೆನ್ಸಿಲ್ಲಿನಲ್ಲಿ ಭಾಗಿಸಿ ನೋಡಿದೆ. ಮನೆಗೆ ಸರಾಸರಿ ಮೂರು ಜನ! ಗುಂಪುಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡುವಾಗ ಎಕ್ಸ್‌ಪೆಕ್ಟೆಡ್ ಸಂಖ್ಯೆ, ಅಂದರೆ ವ್ಯತ್ಯಾಸವೇ ಇಲ್ಲದಿದ್ದರೆ ಒಂದು ಮನೆಯಲ್ಲಿ ಇರಬೇಕಾದ ಜನ, 5ಕ್ಕಿಂತ ಕೆಳಗಿಳಿಯಬಾರದು ಅನ್ನುವ ಹಳೇ ನಿಯಮ ಇದೆ. ಡೇಟಾ ತೆಗೆದ ಮೇಲೆ ಇದು ಗೊತ್ತಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು. ಈಗ ಖರ್ಚಾಗಿದ್ದು ಒಂದು ಹಾಳೆ. ಎರಡು ಸಾಲು, ಮೂರು ಕಾಲಂ ಮಾಡಿದೆ. ಆರು ಮನೆ, ಮನೆಗೆ ಹತ್ತರ ಆಸುಪಾಸು. ಉಸಿರಾಡೋಕೆ ಜಾಗ ಆಯ್ತು.

ಟೇಬಲ್ ಇನ್ನೊಂದು ಉಪಕಾರ ಮಾಡಿತು. "ಕೆಲವೊಮ್ಮೆ" ಅನ್ನುವ ಕಾಲಂ ತುಂಬಿದರೆ ಅದರ ಬಗ್ಗೆ ಏನು ವಾಕ್ಯ ಬರೆಯುತ್ತೇನೆ ಅಂತ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಒಬ್ಬನ ಕೆಲವೊಮ್ಮೆ ಇನ್ನೊಬ್ಬನ ಅಪರೂಪ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆ. ಮೊದಲು, ಕಳೆದ ಏಳು ದಿನದಲ್ಲಿ ತೆಗೆದ ಬೋರ್ಡಿನ ಫೋಟೋಗಳಲ್ಲಿ ಎಷ್ಟನ್ನು ಮತ್ತೆ ನೋಡಿದ್ದೀರಿ, ಅಂದಾಜು ಹೇಳಿ. ಆಮೇಲೆ, ಈಗ ನಿಮ್ಮ ಫೋನಿನ ಗ್ಯಾಲರಿ ತೆಗೆಯಿರಿ, ಎಣಿಸಿ, ಒಂದೊಂದನ್ನೇ ನೋಡುತ್ತಾ ಯಾವುದನ್ನು ಮತ್ತೆ ತೆರೆದಿದ್ದು ನೆನಪಿದೆ ಅಂತ ಗುರುತು ಹಾಕಿ. ಫೋನು ಅವರ ಕೈಯಲ್ಲೇ, ನಾನು ಇಣುಕಲಿಲ್ಲ, ಹೆಸರನ್ನೂ ಕೇಳಲಿಲ್ಲ. ಒಬ್ಬಳು ಎಣಿಸುತ್ತಾ ಎಣಿಸುತ್ತಾ ನಿಲ್ಲಿಸಿ, "ಇದು ಯಾವ ಸಬ್ಜೆಕ್ಟು?" ಅಂತ ನನ್ನನ್ನೇ ಕೇಳಿದಳು. ಪೇಪರಿನ ಅರ್ಧ ಡಿಸ್ಕಷನ್ ಅಲ್ಲೇ ಸಿಕ್ಕಿತು.

ರಿಸಲ್ಟ್ ಫಿಕ್ಸ್ ಅಂದವರಿಗೆ ಇಲ್ಲೇ ಒಂದು ಮಾತು. ಟೇಬಲ್ ಪ್ರಶ್ನೆಯನ್ನು ಫಿಕ್ಸ್ ಮಾಡುತ್ತದೆ, ಉತ್ತರವನ್ನಲ್ಲ. ಹೊಸಬರಿಗಿಂತ ಸೀನಿಯರ್‌ಗಳು ಜಾಸ್ತಿ ನೋಡುತ್ತಾರೆ ಅಂತ ನಾನು ನಂಬಿದ್ದೆ. ಎರಡನೇ ಟೇಬಲ್ ತುಂಬಿದಾಗ ಅಂಥದ್ದೇನೂ ಕಾಣಲಿಲ್ಲ. ವ್ಯತ್ಯಾಸ ಇಲ್ಲ ಅಂತಲೇ ಬರೆದೆ.

ಒಂದು ಎಡವಟ್ಟೂ ಆಯ್ತು. ವಾಕ್ಯಗಳನ್ನು ರೂಢಿ ಮಾಡಿಕೊಳ್ಳೋಣ ಅಂತ ಖಾಲಿ ಟೇಬಲ್ಲಿಗೆ ಸುಮ್ನೆ ಬಾಯಿಗೆ ಬಂದ ಅಂಕಿ ತುಂಬಿ ರಿಸಲ್ಟ್ಸ್ ಬರೆದಿದ್ದೆ. ನಿಜವಾದ ಡೇಟಾ ಬಂದ ಮೇಲೆ ಎಲ್ಲ ಬದಲಿಸಿದೆ ಅಂದುಕೊಂಡೆ. ಗೈಡ್‌ಗೆ ಮೊದಲ ಡ್ರಾಫ್ಟ್ ಕೊಡುವ ಹಿಂದಿನ ರಾತ್ರಿ ಜೋರಾಗಿ ಓದುವಾಗ ಎಲ್ಲೋ "37" ಅಂತ ಬಂತು. ಯಾವ ಟೇಬಲ್ಲಿನಲ್ಲೂ 37 ಇಲ್ಲ! ಮೈ ಬೆವತುಹೋಯಿತು. ಗೊತ್ತಿಲ್ಲದೆ ಹಾಗೇ ಹೋಗಿದ್ದರೆ ಅದಕ್ಕೆ ಡೇಟಾ ಕಟ್ಟಿದ್ದಾನೆ ಅಂತಲೇ ಹೆಸರು. ಅವತ್ತಿಂದ ಖಾಲಿ ಜಾಗಕ್ಕೆ 999 ಬಿಟ್ಟು ಬೇರೆ ಅಂಕಿ ಹಾಕುವುದಿಲ್ಲ. ಕೊನೆಯಲ್ಲಿ 999 ಅಂತ ಹುಡುಕಿದರೆ ಒಂದೂ ಸಿಗಬಾರದು.

ಬರೆದ ಕ್ರಮ ಹೀಗೆ: ಟೇಬಲ್, ಅದರ ಕೆಳಗೆ ಎರಡೆರಡು ವಾಕ್ಯ, ಮೆಥಡ್, ಡಿಸ್ಕಷನ್, ಆಮೇಲೆ ಇಂಟ್ರೊಡಕ್ಷನ್, ಕೊನೆಗೆ ಅಬ್‌ಸ್ಟ್ರಾಕ್ಟ್. ಮೆಥಡ್ ಅನ್ನು ಫಾರಂ ಹಂಚಿದ ವಾರವೇ ಬರೆದುಬಿಡಿ. ತಿಂಗಳು ಬಿಟ್ಟರೆ ಎಷ್ಟು ಜನಕ್ಕೆ ಕೊಟ್ಟಿರಿ, ಯಾರು ಅರ್ಧಕ್ಕೆ ಬಿಟ್ಟರು ಅನ್ನುವುದೆಲ್ಲ ಮರೆತುಹೋಗುತ್ತದೆ. ಇಂಟ್ರೊಡಕ್ಷನ್ ಎರಡೇ ದಿನದಲ್ಲಿ ಮುಗಿಯಿತು, ಒಂದೂವರೆ ಪುಟ. ಹಿಂದೆ ಅದೇ ಕೆಲಸಕ್ಕೆ ಮೂರು ತಿಂಗಳು ಹಿಡಿದಿತ್ತು, ನೆನಪಿದೆಯಲ್ಲ? ಪೇಪರಿನಲ್ಲಿ ಏನಿದೆ ಅಂತ ಗೊತ್ತಿದ್ದರೆ ಪೀಠಿಕೆಗೆ ಒದ್ದಾಡುವುದಿಲ್ಲ.

ಅನಾಲಿಸಿಸ್ ಈ ಸಲ ನಾನೇ ಮಾಡಿದೆ, ಜಾಸ್ಪ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್ ಯೂನಿವರ್ಸಿಟಿಯಲ್ಲಿ ಶುರುವಾದ ಅಂಕಿಅಂಶದ ಸಾಫ್ಟ್‌ವೇರ್, ಪೂರ್ತಿ ಉಚಿತ. ಕಲಿಯೋಕೆ ಒಂದು ಶನಿವಾರ ಸಾಕಾಯ್ತು, ಯಾಕೆಂದರೆ ನನಗೆ ಬೇಕಾಗಿದ್ದೇ ಮೂರು ಟೇಬಲ್. ಪೇಪರ್‌ಗಳಿಗೂ ಕಾಸು ಕೊಡಲಿಲ್ಲ. ಒಂದೊಂದು ಪೇಪರ್ ಇಳಿಸೋಕೆ ಮೂವತ್ತು, ನಲವತ್ತು ಡಾಲರ್ ಕೇಳುತ್ತಾರೆ. ಬ್ರೌಸರಿಗೆ ಅನ್‌ಪೇವಾಲ್ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಬಹಳಷ್ಟಕ್ಕೆ ಕಾನೂನುಬದ್ಧವಾದ ಉಚಿತ ಪ್ರತಿ ಸಿಗುತ್ತದೆ. ಸಿಗದಿದ್ದರೆ ಲೇಖಕರಿಗೇ ಮೇಲ್ ಮಾಡಿ. ಆರು ಜನಕ್ಕೆ ಬರೆದೆ, ಐದು ಜನ ಕಳಿಸಿದರು. ಆ ಇಮೇಲ್‌ನ ಮೊದಲ ಸಾಲಿನಲ್ಲಿ ಏನು ಬರೆದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎಂಬತ್ತು ಫಾರಂನಲ್ಲಿ ಅರವತ್ತನಾಲ್ಕು ತುಂಬಿ ವಾಪಸ್ ಬಂದದ್ದು ಹೇಗೆ ಅಂತಲೂ ಕೇಳಬೇಡಿ. ಮುಂದಿನ ಪೇಪರಿಗೂ ಅದು ಬೇಕು.

ನಡುವೆ ದಾರಿ ತಪ್ಪಿದ್ದೂ ಉಂಟು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್ಮನ್ ಸುಮಾರು 90,000 ಚೀಟಿಗಳ ಪೆಟ್ಟಿಗೆ ಇಟ್ಟುಕೊಂಡು ಪುಸ್ತಕದ ಮೇಲೆ ಪುಸ್ತಕ ಬರೆದರು ಅಂತ ಕೇಳಿ, ನಾನೂ ಚೀಟಿ ಶುರು ಮಾಡಿದೆ. ಬಣ್ಣ ಬಣ್ಣದ ಕಾರ್ಡು, ನಂಬರು, ಒಂದರಿಂದ ಇನ್ನೊಂದಕ್ಕೆ ಕೊಂಡಿ. ಮೂರು ವಾರಕ್ಕೆ ನೂರೈವತ್ತು ಚೀಟಿ. ಪೇಪರಿಗೆ ಬಂದದ್ದು ಹನ್ನೊಂದು. ಜೀವನವಿಡೀ ಬರೆಯುವವರಿಗೆ ಅದು ಸರಿ, ಒಂದು ಸೆಮಿಸ್ಟರಿನ ಪೇಪರಿಗೆ ಅಲ್ಲ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದನ್ನೂ ನೋಡಿದೆ. ಡಿಸ್ಕಷನ್‌ಗೆ ಚೆನ್ನಾಗಿದೆ, ಮೆಥಡ್‌ಗೆ ದಂಡ.

ಇನ್ನೊಂದು ಪ್ರಯೋಗ ಎಐ ಚಾಟ್‌ಬಾಟ್‌ದು. ಹತ್ತು ರೆಫರೆನ್ಸ್ ಕೊಡು ಅಂದೆ, ಹತ್ತೂ ಕೊಟ್ಟಿತು. ಲೇಖಕರು, ವರ್ಷ, ಪುಟ ಸಂಖ್ಯೆ ಎಲ್ಲ ಇತ್ತು. ಡಿಒಐ, ಅಂದರೆ ಪೇಪರಿನ ಗುರುತಿನ ಕೊಂಡಿ, ಒಂದೊಂದಾಗಿ ತೆರೆದರೆ ನಾಲ್ಕು ಪೇಪರ್ ಈ ಭೂಮಿಯ ಮೇಲೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೇ ಚಾಟ್‌ಜಿಪಿಟಿ ಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ನಮಗೆ ದಂಡ ಇಲ್ಲ, ವೈವಾ ಅನ್ನುವ ಬಾಯಿ ಪರೀಕ್ಷೆ ಇದೆ. ನಾನು ತೆರೆದು ಓದದ ಯಾವುದೂ ನನ್ನ ಪಟ್ಟಿಯಲ್ಲಿಲ್ಲ. ಒಟ್ಟು ಇಪ್ಪತ್ತಮೂರು. ಪಕ್ಕದವನದು ಎಪ್ಪತ್ತು. ವೈವಾದಲ್ಲಿ ಅವನ ಪಟ್ಟಿಯ ಒಂಬತ್ತನೆಯದರ ಬಗ್ಗೆ ಕೇಳಿದಾಗ ಅವನ ಮುಖ ನೋಡಬೇಕಿತ್ತು.

ಕೊನೆಯ ಎರಡು ವಾರ ಬರೀ ಕತ್ತರಿ. ಪ್ರತಿ ಪ್ಯಾರಾದ ಪಕ್ಕ, ಇದು ಏನು ಹೇಳುತ್ತಿದೆ ಅಂತ ನಾಲ್ಕು ಪದದಲ್ಲಿ ಬರೆದೆ. ಬರೆಯೋಕೆ ಆಗದ ಪ್ಯಾರಾ ಔಟ್. ಒಂದೇ ನಾಲ್ಕು ಪದ ಎರಡು ಕಡೆ ಬಂದರೆ ಒಂದು ಔಟ್. 4,600 ಪದದ ಹತ್ತಿರ ಇದ್ದದ್ದು 3,200ಕ್ಕೆ ಇಳಿಯಿತು. ಮೂರನೇ ಟೇಬಲ್ಲೂ ಹೋಯಿತು. ಯಾವ ವಿಷಯಕ್ಕೆ ಎಷ್ಟು ಫೋಟೋ ಅನ್ನುವ ಟೇಬಲ್ ಅದು. ಮುಖ್ಯ ಪ್ರಶ್ನೆಗೆ ಸಂಬಂಧ ಇಲ್ಲ ಅನ್ನಿಸಿತು. ಕಿತ್ತುಹಾಕುವಾಗ ಹೊಟ್ಟೆ ಉರಿದಿತ್ತು.

ಈಗ ಗೈಡ್ ಜೂನಿಯರ್‌ಗಳಿಗೆ "ಖಾಲಿ ಟೇಬಲ್ ಎಲ್ಲಿ?" ಅಂತ ಕೇಳುತ್ತಾರಂತೆ. ಕುಲಾವಿಯ ಮಾತು ಎತ್ತುವುದಿಲ್ಲ. ಅವರೇ ಹೇಳಿದ್ದಕ್ಕೆ ಪೇಪರನ್ನು ಒಂದು ಸರಿಯಾದ ಜರ್ನಲ್‌ಗೆ ಕಳಿಸಿದೆ, ಫೀಸ್ ಇಲ್ಲದ್ದು. ನಾಲ್ಕು ತಿಂಗಳಿಗೆ ರಿವ್ಯೂ ಬಂತು, ಎರಡೂವರೆ ಪುಟ. ಸಿಕ್ಕಾಪಟ್ಟೆ ತಪ್ಪು ಹಿಡಿದಿದ್ದಾರೆ. ಎರಡನೇ ರಿವ್ಯೂವರ್‌ಗೆ ಯಾವ ವಿಷಯಕ್ಕೆ ಎಷ್ಟು ಫೋಟೋ ಅನ್ನುವ ಟೇಬಲ್ ಬೇಕೇ ಬೇಕಂತೆ. ಹಳೇ ಫೋಲ್ಡರ್ ತೆಗೆದು ನೋಡಿದೆ. ಇದೆ. ಒಳಗೆ ಎರಡು ಕಡೆ ಇನ್ನೂ 999.