ಗೌಜಲಕ್ಕಿ ಮರಿಗಳನ್ನ ಮೊದಲ ವಾರ ಉಳಿಸ್ಕೊಂಡಿದ್ದು ಹೇಗೆ – ನನ್ನ ಅನುಭವ

ಮೊದಲನೇ ಸಲ ತಂದಿದ್ದು 100 ಮರಿ, ಐದನೇ ದಿನ ಎಣಿಸಿದಾಗ ಉಳಿದಿದ್ದು 62. ಬೆಳಿಗ್ಗೆ ಶೆಡ್ ಬಾಗಿಲು ತೆಗೆಯೋಕೇ ಕೈ ಬರ್ತಿರ್ಲಿಲ್ಲ, ತೆಗೆದ್ರೆ ಒಂದು ಮೂಲೇಲಿ ಏಳೆಂಟು ಮರಿ ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗಿ ಸತ್ತಿರೋವು, ನೀರಿನ ತಟ್ಟೇಲಿ ಎರಡು ನೆಂದು ಮಲಗಿರೋವು, ಇನ್ನೊಂದು ಕಾಲು ಅಗಲ ಮಾಡ್ಕೊಂಡು ಎದ್ದೇಳೋಕೆ ಆಗದೆ ಚೀಂ ಚೀಂ ಅಂತಿರೋದು. ಈಗ ಅದೇ ಶೆಡ್ಡಲ್ಲಿ 200 ಮರಿ ಬಿಟ್ರೆ ಮೊದಲ ವಾರ ಹೋಗೋದು ಆರೋ ಏಳೋ. ಮಧ್ಯದಲ್ಲಿ ಏನೇನು ಬದಲಾಯಿಸಿದೆ ಅಂತ ಬರೀತಿದೀನಿ, ಹೊಸಬರು ಯಾರಾದ್ರೂ ಮರಿ ತರೋಕೆ ಮುಂಚೆ ಓದ್ಲಿ ಅಂತ.

ನಮ್ಮನೆ ಬೆಂಗಳೂರಿನ ಚಿಕ್ಕಬಾಣಾವರದ ಹತ್ರ, ಹಿಂದುಗಡೆ ಸೈಟಲ್ಲಿ ಶೀಟ್ ಹೊದಿಸಿರೋ ಸಣ್ಣ ಶೆಡ್. ನಾನು ಸಾಕೋದು ಜಪಾನೀಸ್ ಕ್ವೇಲ್, 1974ರಲ್ಲಿ ಅಮೆರಿಕದಿಂದ ನಮ್ಮ ದೇಶಕ್ಕೆ ಬಂದ ತಳಿ. ಹೊಲದಲ್ಲಿ ಬುರ್ರಂತ ಹಾರೋ ಕಾಡು ಗೌಜಲ ಬೇರೆ, ಅದನ್ನ ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಯಾರಾದ್ರೂ ಬಲೆ ಹಾಕಿ ಹಿಡಿದಿದ್ದು ಮಾರೋಕೆ ಬಂದ್ರೆ ದಯವಿಟ್ಟು ತಗೋಬೇಡಿ.

ಆ ಮೊದಲ ಬ್ಯಾಚ್ ತಂದಿದ್ದು ಡಿಸೆಂಬರಲ್ಲಿ, ಅದೂ ಸಂಜೆ ಏಳು ಗಂಟೆಗೆ, ಸ್ಕೂಟರ್ ಮುಂದೆ ರಟ್ಟಿನ ಬಾಕ್ಸ್ ಇಟ್ಕೊಂಡು. ಗಾಳಿ ಆಡ್ಲಿ ಅಂತ ಬಾಕ್ಸ್ ಸುತ್ತ ತೂತು ಹೊಡೆದಿದ್ರು, ಮಾಗಿ ಚಳಿ ಗಾಳಿ ಸೀದಾ ಒಳಗೆ ನುಗ್ತಿತ್ತು. ಹುಟ್ಟಿದ ಗೌಜಲ ಮರಿ ಏಳೆಂಟು ಗ್ರಾಂ ಇರತ್ತೆ ಅಷ್ಟೇ, ಹತ್ತು ರೂಪಾಯಿ ಕಾಯಿನ್ ಒಂದನ್ನ ಅಂಗೈ ಮೇಲೆ ಇಟ್ಕೊಂಡಂಗೆ. ಕೋಳಿ ಮರಿ ಆದ್ರೆ ನಲವತ್ತು ಗ್ರಾಂ ಹತ್ರ ಇರತ್ತೆ, ಸ್ವಲ್ಪ ಚಳಿ ಆದ್ರೂ ತಡ್ಕೊಳತ್ತೆ, ಇದಕ್ಕೆ ಆ ಶಕ್ತಿ ಇಲ್ಲ, ಅರ್ಧ ಗಂಟೆ ಸಾಕು.

ಮೂರನೇ ದಿನ ಸತ್ತಿರೋ ನಾಲ್ಕು ಮರಿ ಕವರಲ್ಲಿ ಹಾಕ್ಕೊಂಡು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋದೆ. ಏನೋ ದೊಡ್ಡ ರೋಗ ಬಂದಿದೆ, ಒಂದು ಆಂಟಿಬಯಾಟಿಕ್ ಬರೆದುಕೊಡ್ತಾರೆ ಅನ್ಕೊಂಡಿದ್ದೆ. ಅಲ್ಲಿ ಡಾಕ್ಟರು ಸಣ್ಣ ಕತ್ತರೀಲಿ ಹೊಟ್ಟೆ ಬಿಡಿಸಿ ತೋರಿಸಿದ್ರು, ಒಳಗೆ ಕಡ್ಲೆಕಾಳಿನಷ್ಟು ಹಳದಿ ಚೀಲ ಹಾಗೇ ಕೂತಿತ್ತು. "ನೋಡ್ರಿ, ಮೊಟ್ಟೆ ಭಂಡಾರ ಇದು, ಇಷ್ಟೊತ್ತಿಗೆ ಬಹುಪಾಲು ಕರಗಿರ್ಬೇಕಿತ್ತು. ರೋಗ ಏನೂ ಕಾಣ್ತಿಲ್ಲ, ಚಳಿ ಆದ್ರೂ ಹೀಗೇ ಕರಗದೆ ಉಳಿಯತ್ತೆ. ಕಾವು ಎಷ್ಟು ಕೊಡ್ತಿದೀರಿ?" ಅಂದ್ರು. 35 ಡಿಗ್ರಿ ಸರ್ ಅಂದೆ. "ಎಲ್ಲಿ ಅಳೆದಿದ್ದು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಥರ್ಮಾಮೀಟರ್ ನಾನು ಬಲ್ಬ್ ಪಕ್ಕದ ಕಂಬಕ್ಕೆ, ನೆಲದಿಂದ ಒಂದಡಿ ಮೇಲೆ ಕಟ್ಟಿದ್ದೆ.

ಮನೆಗೆ ಬಂದು ಅದನ್ನೇ ಬಿಚ್ಚಿ ಮರಿ ಬೆನ್ನಿನ ಮಟ್ಟಕ್ಕೆ ಇಟ್ಟು ಹತ್ತು ನಿಮಿಷ ಬಿಟ್ಟು ನೋಡಿದ್ರೆ 27. ನಮ್ಮಮ್ಮ ಪಕ್ಕದಲ್ಲೇ ಕೂತಿದ್ರು, ಸಿಮೆಂಟ್ ನೆಲದ ಮೇಲೆ ಕೈ ಇಟ್ಟು "ಲೋ, ನೆಲ ಮುಟ್ಟಿ ನೋಡೋ, ಮಂಜುಗಡ್ಡೆ ಇದ್ದಂಗಿದೆ, ಮೇಲಿಂದ ದೀಪ ಹಾಕಿದ್ರೆ ಕೆಳಗಿಂದ ಚಳಿ ಹೊಡೆಯಲ್ವೇನೋ" ಅಂದ್ರು. ನಾನು ಹಾಕಿದ್ದು ಒಂದು ಪದರ ನ್ಯೂಸ್ ಪೇಪರ್. ಚಳಿಗಾಲದಲ್ಲಿ ಬೆಂಗಳೂರು ರಾತ್ರಿ 15 ಡಿಗ್ರಿಗೆ ಇಳಿಯತ್ತೆ, ಊರ ಹೊರಗೆ ಬಯಲಲ್ಲಿ ಇನ್ನೂ ಕಮ್ಮಿ, ಆ ನೆಲದ ಮೇಲೆ ಹತ್ತು ರೂಪಾಯಿ ಕಾಯಿನ್ನಷ್ಟು ಜೀವ ನಿಂತಿರತ್ತೆ. ಚಳಿಗೆ ಒಂದಕ್ಕೊಂದು ಅಂಟ್ಕೊಂಡು ಗುಂಪು ಕಟ್ಟೋದು, ಅಡೀಲಿ ಸಿಕ್ಕಿದ್ದು ಉಸಿರುಕಟ್ಟಿ ಸಾಯೋದು. ಮೂಲೇಲಿ ಚಪ್ಪಟೆ ಆಗಿದ್ದವೆಲ್ಲ ಹಾಗೇ ಹೋಗಿದ್ದು.

ಎರಡನೇ ಸಲ ನೆಲದಿಂದ ಶುರು ಮಾಡಿದೆ. ಎರಡು ಇಂಚು ಒಣಗಿದ ಭತ್ತದ ಹೊಟ್ಟು, ಅದರ ಮೇಲೆ ಗೋಣಿಚೀಲ ಬಿಚ್ಚಿ ಬಿಗಿಯಾಗಿ ಹಾಸಿದ್ದು. ಬರೀ ಹೊಟ್ಟು ಬಿಟ್ರೆ ಮೊದಲೆರಡು ದಿನ ಮರಿ ಅದನ್ನೇ ತಿಂದುಬಿಡತ್ತೆ, ಬರೀ ಪೇಪರ್ ಹಾಕಿದ್ರೆ ಕಾಲು ಜಾರಿ ಅಗಲ ಆಗೋಗತ್ತೆ, ಒಂದ್ಸಲ ಹಾಗಾದ್ರೆ ಮೇವಿನ ಹತ್ರ ಹೋಗೋಕಾಗದೆ ಸಾಯತ್ತೆ. ಮೊದಲ ದಿನವೇ ಕಂಡುಬಂದ್ರೆ ಗಾಯಕ್ಕೆ ಹಾಕೋ ಪ್ಲಾಸ್ಟರನ್ನ ಸಣ್ಣಗೆ ಸೀಳಿ ಎರಡೂ ಕಾಲಿಗೆ ಸೇರಿಸಿ ಸಡಿಲವಾಗಿ ಸುತ್ತಿ, ಮಧ್ಯೆ ಸಹಜವಾಗಿ ನಿಲ್ಲೋವಷ್ಟು ಅಂತರ ಬಿಟ್ಟು ಎರಡು ದಿನ ಇಟ್ರೆ ಎಷ್ಟೋ ಸರಿ ಹೋಗುತ್ವೆ. ಗೋಣಿ ಹಾಕಿದ ಮೇಲೆ ನನಗೆ ಆ ಕೆಲಸಾನೇ ಬಿದ್ದಿಲ್ಲ ಅನ್ನಬಹುದು. ಗೋಣಿ ಮಾತ್ರ ಕೊಳೆತ ವಾಸನೆ ಬರೋದು, ಹೊಟ್ಟು ಬೂಷ್ಟು ಹಿಡಿದಿದ್ದು ಬೇಡ್ವೇ ಬೇಡ, ಆ ಬೂಷ್ಟಿನ ಧೂಳು ಮರಿ ಶ್ವಾಸಕೋಶಕ್ಕೆ ಹೋದ್ರೆ ಬಾಯಿ ಬಿಟ್ಕೊಂಡು ಉಸಿರಾಡಿ ಸಾಯ್ತವೆ, ಅದಕ್ಕೆ ಔಷಧಿ ಹಾಕಿ ಉಳಿಸೋದು ಬಹಳ ಕಷ್ಟ.

ಸುತ್ತ ತಗಡಿನ ರಿಂಗ್, 100 ಮರಿಗೆ ನಾಲ್ಕಡಿ ಅಗಲದ ಗುಂಡಗಿನ ಜಾಗ, ಮೂಲೆ ಅನ್ನೋದೇ ಇರಬಾರ್ದು. ಬಲ್ಬ್ ವಿಷಯ ಹೇಳ್ಬೇಕು, ಎಲ್‌ಇಡಿ ಬಲ್ಬ್ ಬೆಳಕು ಕೊಡತ್ತೆ, ಕಾವು ಕೊಡಲ್ಲ, ಹಳೇ ತಂತಿ ಬಲ್ಬೇ ಬೇಕು, 100 ವ್ಯಾಟಿನ ಎರಡು. ನಾನು ಎಸ್‌ಪಿ ರೋಡಿಗೆ ಹೋಗಿ ಒಂದು ಸಣ್ಣ ಥರ್ಮೋಸ್ಟಾಟ್ (ಕಾವು ನೋಡಿ ತಾನೇ ಆನ್ ಆಫ್ ಮಾಡೋ ಸ್ವಿಚ್ಚು) ತಂದು ಒಂದು ಬಲ್ಬಿಗೆ ಜೋಡಿಸಿದೆ, ಇನ್ನೊಂದು ಸದಾ ಉರೀತಿರತ್ತೆ, ಒಂದು ಸುಟ್ಟುಹೋದ್ರೂ ರಾತ್ರಿ ಪೂರ್ತಿ ಕತ್ತಲಾಗಲ್ಲ. ಮರಿ ಬೆನ್ನಿನ ಮಟ್ಟದಲ್ಲಿ ಮೊದಲ ಮೂರು ದಿನ 36-37 ಡಿಗ್ರಿ, ವಾರ ಮುಗಿಯೋವರೆಗೆ 35, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಬಂದೆ. ಆದ್ರೆ ನಂಬರಿಗಿಂತ ಮರೀನೇ ನೋಡಿ. ಬಲ್ಬ್ ಕೆಳಗೆ ಗುಂಪಾಗಿ ಜೋರಾಗಿ ಕೂಗ್ತಿದ್ರೆ ಚಳಿ, ದೂರ ಹೋಗಿ ಬಾಯಿ ಬಿಟ್ಕೊಂಡು ರೆಕ್ಕೆ ಇಳಿಬಿಟ್ಕೊಂಡಿದ್ರೆ ಸೆಕೆ, ಎಲ್ಲಾ ಒಂದೇ ಕಡೆ ಒತ್ತರಿಸಿದ್ರೆ ಎದುರುಗಡೆಯಿಂದ ಗಾಳಿ ಬರ್ತಿದೆ. ಅಲ್ಲೊಂದು ಇಲ್ಲೊಂದು ಚೆಲ್ಲಿದ ರಾಗಿ ಥರ ಹರಡ್ಕೊಂಡು ಕೆಲವು ತಿಂತಾ ಕೆಲವು ಕಾಲು ಚಾಚಿ ಮಲಗಿದ್ರೆ ಸರಿ ಇದೆ ಅಂತ. (ಕಾಲು ಚಾಚಿ ಮಲಗಿದ್ದು ನೋಡಿ ಮೊದಲ ಸಲ ನನ್ನೆಂಡ್ತಿ ಸತ್ತೋಯ್ತು ಅಂತ ಗಾಬರಿ ಆಗಿ ಕೂಗಿದ್ಲು, ಮುಟ್ಟಿದ್ರೆ ಎದ್ದು ಓಡ್ತು.)

ನೀರಿನ ತಟ್ಟೆ. ಇದರಲ್ಲಿ ಸತ್ತಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ, ಯಾಕಂದ್ರೆ ತಡೆಯೋಕೆ ಐದು ನಿಮಿಷದ ಕೆಲಸ. ಕೋಳಿ ಮರಿಗೆ ಇಡೋ ಡ್ರಿಂಕರ್ ತಟ್ಟೆ ಇವಕ್ಕೆ ಕೆರೆ ಇದ್ದಂಗೆ. ನನ್ನ ಮಗ ಅವನ ಗೋಲಿ ಡಬ್ಬ ತಂದುಕೊಟ್ಟ, ಬಿಸಿನೀರಲ್ಲಿ ತೊಳೆದು ತಟ್ಟೆ ಸುತ್ತ ಒತ್ತೊತ್ತಾಗಿ ಜೋಡಿಸಿದ್ವಿ, ಗೋಲಿ ಸಂದೀಲಿ ಮಾತ್ರ ನೀರು ಕಾಣ್ಬೇಕು, ಕೊಕ್ಕು ಹೋಗತ್ತೆ ಮೈ ಹೋಗಲ್ಲ. ಗೋಲಿ ಹೊಳಪಿಗೆ ಮರಿ ತಾವಾಗೇ ಕುಟ್ಟೋಕೆ ಬರುತ್ವೆ, ಕುಟ್ಟಿದಾಗ ನೀರು ಸಿಗತ್ತೆ, ಹಾಗೇ ಕುಡಿಯೋದು ಕಲೀತವೆ. ಬಂದ ತಕ್ಷಣ ಒಂದೆರಡು ಮರಿ ಕೊಕ್ಕನ್ನ ನಾನೇ ಮೆಲ್ಲಗೆ ನೀರಿಗೆ ಮುಟ್ಟಿಸ್ತೀನಿ, ಅವು ನೋಡಿ ಉಳಿದವು ಬರುತ್ವೆ. ನೀರು ಉಗುರುಬೆಚ್ಚಗೆ, ಮೊದಲ ನಾಲ್ಕೈದು ಗಂಟೆ ಸ್ವಲ್ಪ ಬೆಲ್ಲ ಕದಡಿದ್ದು. ಬೆಲ್ಲದ ನೀರು ಮಾರನೇ ದಿನಕ್ಕೆ ಇಡಬೇಡಿ, ಹುಳಿ ಬರತ್ತೆ. ಒಂದು ವಾರ ಆದ್ಮೇಲೆ ಗೋಲಿ ತೆಗೆದುಬಿಡಬಹುದು.

ಮೇವು ಬ್ರಾಯ್ಲರ್ ಪ್ರೀ ಸ್ಟಾರ್ಟರ್, ಅಂದ್ರೆ ಮಾಂಸದ ಕೋಳಿ ಮರಿಗೆ ಮೊದಮೊದಲು ಹಾಕೋ ಮೇವು, ಆದ್ರೆ ಅಂಗಡೀಲಿ ಸಿಗೋ ಕಾಳು ಇವುಗಳ ಬಾಯಿಗೆ ದಪ್ಪ. ಹಳೇ ಮಿಕ್ಸೀಲಿ ಒಂದು ಸುತ್ತು ತಿರುಗಿಸಿ ಜರಡಿ ಹಿಡಿದೆ, ಬನ್ಸಿ ರವೆಗಿಂತ ಸಣ್ಣ, ಚಿರೋಟಿ ರವೆಗಿಂತ ಸ್ವಲ್ಪ ದಪ್ಪ, ಅಷ್ಟು ಇದ್ರೆ ಸರಿ, ಪೂರ್ತಿ ಹಿಟ್ಟಾದ್ರೆ ಕೊಕ್ಕಿಗೆ ಅಂಟತ್ತೆ. ಗೌಜಲಕ್ಕೆ ಪ್ರೋಟೀನ್ ಜಾಸ್ತಿ ಬೇಕು, ಮೊದಲ ಮೂರು ವಾರ 24ರಿಂದ 27 ಪರ್ಸೆಂಟ್ ಅಂತಾರೆ, ಬ್ರಾಯ್ಲರ್ ಮೇವಲ್ಲಿ 22-23 ಇರತ್ತೆ, ಹಂಗಾಗಿ ಮೂರನೇ ದಿನದಿಂದ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಸ್ವಲ್ಪ ಕೊಡ್ತೀನಿ, ಅರ್ಧ ಗಂಟೇಲಿ ತಿಂದು ಮುಗಿಸೋವಷ್ಟೇ. ಮೊಟ್ಟೆ ಕೋಳಿಗೆ ಹಾಕೋ ಲೇಯರ್ ಮೇವು ಮನೇಲಿದೆ ಅಂತ ಮರಿಗೆ ಹಾಕಬೇಡಿ, ಅದರಲ್ಲಿರೋ ಕ್ಯಾಲ್ಸಿಯಂ ಮರಿ ಕಿಡ್ನಿ ಹಾಳು ಮಾಡತ್ತೆ.

ಕರೆಂಟ್ ಹೋದ್ರೆ ಏನ್ಮಾಡೋದು ಅನ್ನೋದನ್ನ ಮರಿ ಬರೋ ಮುಂಚೆನೇ ಯೋಚಿಸಿ. ಒಂದಿನ ಬೆಳಗಿನ ಜಾವ ಮೂರಕ್ಕೆ ಹೋಗಿದ್ದು ಐದೂವರೆಗೆ ಬಂತು, ಯುಪಿಎಸ್ ಒಂದು ಗಂಟೆಗೇ ಕೈಕೊಟ್ಟಿತ್ತು. ಆವತ್ತು ನಾಲ್ಕು ನೀರಿನ ಬಾಟಲಿಗೆ ಬಿಸಿನೀರು ತುಂಬಿ ಟವಲ್ ಸುತ್ತಿ ರಿಂಗ್ ಒಳಗೆ ಮಲಗಿಸಿ, ಮೇಲೆ ಕಂಬಳಿ ಅರ್ಧ ಮುಚ್ಚಿ ಗಾಳಿಗೆ ಜಾಗ ಬಿಟ್ಟು, ನಲವತ್ತು ನಿಮಿಷಕ್ಕೊಂದ್ಸಲ ನೀರು ಬದಲಾಯಿಸ್ತಾ ನಾನೂ ಅಮ್ಮನೂ ಕೂತಿದ್ವಿ. ಒಂದೂ ಹೋಗ್ಲಿಲ್ಲ. ಕೆಂಡದ ಬುಟ್ಟಿ ಇಡೋರೂ ಇದಾರೆ, ಮುಚ್ಚಿದ ಶೆಡ್ಡಲ್ಲಿ ಆ ಹೊಗೆ ಮರಿಗೂ ಅಪಾಯ ಮನುಷ್ಯರಿಗೂ ಅಪಾಯ, ನಾನಂತೂ ಇಡಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಮರಿ ತರೋದು ಮಧ್ಯಾಹ್ನ ಬಿಸಿಲಲ್ಲಿ, ಆಟೋದಲ್ಲಿ, ಸ್ಕೂಟರಲ್ಲಿ ಅಲ್ಲ. ರಿಂಗ್ ಒಳಗೆ ಕಾವು ಹಿಂದಿನ ರಾತ್ರಿಯಿಂದಲೇ ಹಾಕಿಡ್ತೀನಿ, ಮರಿ ಬಂದ್ಮೇಲೆ ಬಲ್ಬ್ ಹಾಕಿದ್ರೆ ನೆಲ ಬೆಚ್ಚಗಾಗೋಕೆ ಅರ್ಧ ದಿನ ಬೇಕು. ಹಿಂಬದಿ ಹಿಕ್ಕೆ ಅಂಟಿ ಮುಚ್ಚಿದ್ರೆ ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ತೆಗೀಬೇಕು, ಎಳೀಬಾರ್ದು. ಒದ್ದೆ ಆದ ಗೋಣಿ ಅವತ್ತೇ ಬದಲಾಯಿಸ್ಬೇಕು. ಕೋಳಿ ಜೊತೆ, ದೊಡ್ಡ ಗೌಜಲದ ಜೊತೆ ಮರಿ ಬಿಡಬಾರ್ದು, ಗೌಜಲಕ್ಕೆ ಕರುಳಿನ ಹುಣ್ಣಿನ ರೋಗ ಹಿಕ್ಕೆಯಿಂದಲೇ ಹರಡತ್ತೆ, ಬಂತು ಅಂದ್ರೆ ಗುಂಪು ಗುಂಪೇ ಹೋಗತ್ತೆ. ಇಲಿ ಹೆಗ್ಗಣ ಬರೋ ಒಂದು ಬೆರಳಿನ ಸಂದಿ ಇದ್ರೂ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಜಾಲರಿ ಹೊಡೀರಿ, ದೊಡ್ಡ ಕಣ್ಣಿಂದು ಹಾಕಿದ್ರೆ ಮರೀನೇ ನುಸುಳಿ ಆಚೆ ಬರತ್ತೆ. ಹತ್ತನೇ ದಿನದ ಹೊತ್ತಿಗೆ ರೆಕ್ಕೆ ಬಡಿದು ಎಗರೋಕೆ ಶುರು ಮಾಡ್ತವೆ, ರಿಂಗ್ ಮೇಲೂ ಬಲೆ ಬೇಕು.

ಒಂದು ನೋಟ್‌ಬುಕ್ ಶೆಡ್ ಗೋಡೆಗೇ ನೇತು ಹಾಕಿದೀನಿ, ದಿನಾ ಬೆಳಿಗ್ಗೆ ಸಂಜೆ ಕಾವು ಎಷ್ಟು, ಎಷ್ಟು ಸತ್ತವು, ಎಲ್ಲಿ ಬಿದ್ದಿದ್ವು ಅಂತ ಬರೀತೀನಿ. ಎಲ್ಲಿ ಬಿದ್ದಿದ್ವು ಅನ್ನೋದು ಬಹಳ ಮುಖ್ಯ. ಎರಡನೇ ಬ್ಯಾಚಲ್ಲಿ 100ಕ್ಕೆ 9 ಹೋದಾಗ ಅದರಲ್ಲಿ 5 ಒಂದೇ ಜಾಗದಲ್ಲಿ, ಬಾಗಿಲ ಕಡೆ ಬಿದ್ದಿದ್ವು. ಮಂಡಿಯೂರಿ ಅಲ್ಲಿ ಕೈ ಇಟ್ಟು ನೋಡಿದ್ರೆ ಬಾಗಿಲ ಕೆಳಗಿನ ಸಂದಿಯಿಂದ ತಣ್ಣನೆ ಗಾಳಿ ಬೆರಳಿಗೆ ತಾಗ್ತಿತ್ತು. ಹಳೇ ಪಂಚೆ ಮಡಚಿ ಸಂದಿಗೆ ಒತ್ತಿದೆ, ಆವತ್ತಿಂದ ಆ ಜಾಗದಲ್ಲಿ ಒಂದೂ ಬಿದ್ದಿಲ್ಲ.