ಮಾರುತಿ ಜಿಪ್ಸಿಗೆ ಚಿಕ್ಕ ಟ್ಯಾಂಕ್ ಹಾಕಿದ್ಮೇಲೆ ಪೆಟ್ರೋಲ್ ಮುಳ್ಳನ್ನ ಸರಿ ಮಾಡ್ಕೊಂಡಿದ್ದು

ಬಿಸ್ಲೆ ಘಾಟಿ ಅರ್ಧ ಹತ್ತಿದ್ಮೇಲೆ ಗಾಡಿ ಎರಡ್ಮೂರು ಸಲ ಜಗ್ಗಿ ನಿಂತೋಯ್ತು. ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಸಕಲೇಶಪುರದ ಕಡೆ ಬರ್ತಿದ್ವಿ, ಪಕ್ಕದಲ್ಲಿ ಅಮ್ಮ, ಸಂಜೆ ಐದೂವರೆ ಆಗಿತ್ತು, ಜೊತೆಗೆ ಜಿಟಿಜಿಟಿ ಮಳೆ. ಮೀಟರ್ ನೋಡಿದ್ರೆ ಮುಳ್ಳು ಕಾಲು ಗೆರೆಗಿಂತ ಒಂಚೂರು ಮೇಲೇ ಇದೆ. ಹಂಗಾಗಿ ಪೆಟ್ರೋಲ್ ಖಾಲಿ ಅನ್ನೋದು ತಲೆಗೇ ಬರ್ಲಿಲ್ಲ, ಪ್ಲಗ್ ಬಿಚ್ಚಿದೆ, ಕಾಯಿಲ್ ವೈರ್ ನೋಡ್ದೆ, ಕೊನೆಗೆ ಕಾರ್ಬ್ಯುರೇಟರ್ ಹತ್ರ ಪೈಪ್ ಕಿತ್ತು ಸೆಲ್ಫ್ ಹೊಡೆದಾಗ ಒಂದು ಹನೀನೂ ಬರ್ಲಿಲ್ಲ. "ಕಾಲು ಟ್ಯಾಂಕ್ ಐತೆ ಅಂದ್ಯಲ್ಲೋ ಮಗ" ಅಂತ ಅಮ್ಮ ಕೇಳಿದ್ರು, ನನ್ನತ್ರ ಉತ್ತರ ಇರ್ಲಿಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ಬಂದ ಒಂದು ಪಿಕಪ್‌ನವರು ಕ್ಯಾನಲ್ಲಿದ್ದ ಎರಡು ಲೀಟರ್ ಪೆಟ್ರೋಲ್ ಕೊಟ್ಟು ದುಡ್ಡೂ ತಗೊಳ್ದೆ ಹೋದ್ರು. ಆವತ್ತೇ ತೀರ್ಮಾನ ಮಾಡ್ದೆ, ಈ ಮುಳ್ಳನ್ನ ಸರಿ ಮಾಡೋವರೆಗೂ ಅಮ್ಮನ್ನ ಈ ಗಾಡೀಲಿ ಘಾಟಿಗೆ ಕರ್ಕೊಂಡು ಹೋಗಲ್ಲ ಅಂತ.

ನಂದು 1997ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಗಾಡಿ. ಕಂಪನಿ ಟ್ಯಾಂಕ್ 40 ಲೀಟರ್ದು. ತೋಟದ ಕೆಸರು ಹಿಡ್ಕೊಂಡು ಹಿಡ್ಕೊಂಡು ಅದರ ತಳ ಪೂರ್ತಿ ತುಕ್ಕು ತಿಂದು ಜಿನುಗ್ತಾ ಇತ್ತು. ಹೆಂಗೂ ಹೊಸದು ಮಾಡಿಸ್ಬೇಕು, ತೋಟದ ದಾರೀಲಿ ಹಿಂದುಗಡೆ ಕಲ್ಲಿಗೆ ತಾಗೋದೂ ತಪ್ಲಿ ಅಂತ ಸ್ವಲ್ಪ ತೆಳ್ಳಗಿರೋ ಟ್ಯಾಂಕೇ ಮಾಡ್ಸಿದೆ. ಹಳೇದರ ಒಳಗಿನ ಆಳ 23 ಸೆಂಟಿಮೀಟರ್ ಇತ್ತು, ಹೊಸದು 17. ಉದ್ದ 42, ಅಗಲ 40, ಅಂದ್ರೆ ಲೆಕ್ಕಕ್ಕೆ 28 ಲೀಟರ್ ಚಿಲ್ರೆ. ಒಳಗೆ ಪೆಟ್ರೋಲ್ ತುಳುಕ್ದೇ ಇರ್ಲಿ ಅಂತ ತೂತು ಹೊಡೆದ ಒಂದು ಅಡ್ಡ ತಗಡು ಹಾಕ್ಸಿದ್ದೆ. ಹಳೇ ಟ್ಯಾಂಕ್ ಯೂನಿಟ್ (ಒಳಗೆ ಪೆಟ್ರೋಲ್ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸೋ ಭಾಗ) ಚೆನ್ನಾಗೇ ಇತ್ತು, ಅದನ್ನೇ ಬಿಚ್ಚಿ ಹೊಸ ಟ್ಯಾಂಕಿನ ಮೇಲೆ ಕೂರ್ಸಿದ್ವಿ. ತಪ್ಪಾಗಿದ್ದು ಅಲ್ಲೇ. ಫುಲ್ ಮಾಡಿದ್ರೆ ಮುಳ್ಳು ಸರಿಯಾಗಿ ಎಫ್‌ಗೇ ಹೋಗ್ತಿತ್ತು, ನಾನೂ ಅರ್ಧ ಆಗ್ತಿದ್ದಂಗೇ ತುಂಬಿಸ್ಕೊಳ್ತಿದ್ದೆ, ಅದಕ್ಕೇ ಎರಡು ತಿಂಗಳು ಯಾವ ಅನುಮಾನಾನೂ ಬರ್ಲಿಲ್ಲ.

ಟ್ಯಾಂಕ್ ಯೂನಿಟ್ ಒಳಗೆ ಏನಿರುತ್ತೆ ಅಂತ ಗೊತ್ತಿಲ್ದೇ ಇರೋರಿಗೆ: ಒಂದು ಸರಳು, ಅದರ ತುದೀಲಿ ಫ್ಲೋಟು, ಅಂದ್ರೆ ಪೆಟ್ರೋಲ್ ಮೇಲೆ ತೇಲೋ ಬುರುಡೆ. ಸರಳಿನ ಇನ್ನೊಂದು ತುದಿ ಒಂದು ಕೀಲಿನ ಮೇಲೆ ತಿರುಗುತ್ತೆ, ತಿರುಗ್ದಂಗೆ ಒಂದು ಸಣ್ಣ ತಗಡಿನ ನಾಲಿಗೆ ಸುತ್ತಿರೋ ರೆಸಿಸ್ಟೆನ್ಸ್ ತಂತಿ ಮೇಲೆ ಉಜ್ಜಿಕೊಂಡು ಹೋಗುತ್ತೆ. ನನ್ನ ಯೂನಿಟ್‌ನ ಕೈಯಲ್ಲಿ ಹಿಡಿದು ಮಲ್ಟಿಮೀಟರ್ ಇಟ್ಟು ನೋಡಿದಾಗ ಫ್ಲೋಟು ಪೂರ್ತಿ ಮೇಲಿದ್ರೆ 4 ಓಮ್ (ಕರೆಂಟಿಗೆ ಇರೋ ತಡೆಯ ಅಳತೆ), ಪೂರ್ತಿ ಕೆಳಗಿದ್ರೆ 120 ಓಮ್, ನಡುವೆ 33 ಬಂತು. ಅಂದ್ರೆ ಓಮ್ ಜಾಸ್ತಿ ಆದಷ್ಟೂ ಮುಳ್ಳು ಖಾಲಿ ಕಡೆ ಹೋಗುತ್ತೆ. ಎಲ್ಲಾ ಗಾಡೀಲೂ ಹಿಂಗೇ ಅನ್ಕೋಬೇಡಿ, ಕೆಲವು ಗಾಡಿಗಳಲ್ಲಿ ಇದು ಉಲ್ಟಾ ಇರುತ್ತೆ, ಮೊದ್ಲು ಅಳೀರಿ.

ಮೀಟರ್ ಸರಿ ಇದ್ಯೋ ಇಲ್ವೋ ಅಂತ ಬೇರೆ ನೋಡ್ಕೋಬೇಕು. ಯೂನಿಟ್‌ಗೆ ಹೋಗೋ ವೈರ್ ಕಿತ್ತು ಕೀ ಆನ್ ಮಾಡಿದ್ರೆ ಮುಳ್ಳು ಇ (ಖಾಲಿ) ಗೆರೇಲೇ ಇರ್ಬೇಕು, ಅದೇ ವೈರನ್ನ ಒಂದು ಚಿಕ್ಕ ಡ್ಯಾಶ್‌ಬೋರ್ಡ್ ಬಲ್ಬ್ ಮೂಲಕ ಗಾಡಿಯ ಬರೀ ತಗಡಿಗೆ (ಅರ್ಥ್) ಮುಟ್ಸಿದ್ರೆ ಮುಳ್ಳು ಎಫ್ ಕಡೆ ಏಳ್ಬೇಕು. ಬಲ್ಬ್ ಇಲ್ದೆ ನೇರ ಅರ್ಥ್ ಮಾಡಿ ಹಂಗೇ ಬಿಟ್ರೆ ಮೀಟರ್ ಸುಟ್ಟೋಗಬಹುದು. ನನ್ನ ಮೀಟರ್ ಎರಡೂ ಕಡೆ ಸರಿ ಹೋಯ್ತು, ಹಂಗಾದ್ರೆ ಸಮಸ್ಯೆ ಟ್ಯಾಂಕ್ ಒಳಗೇ.

ಊರಿನ ಎಲೆಕ್ಟ್ರಿಷಿಯನ್ ಅಣ್ಣ ಒಬ್ರು "ವೈರ್ ನಡುವೆ ಒಂದು ರೆಸಿಸ್ಟರ್ ಹಾಕ್ಬಿಡಣ ಬಿಡಿ, ಹತ್ತು ನಿಮಿಷದ ಕೆಲ್ಸ" ಅಂದ್ರು. ತುಂಬಾ ಜನ ಹೇಳೋದು ಇದನ್ನೇ, ಅದಕ್ಕೇ ಲೆಕ್ಕ ಹಾಕಿ ತೋರಿಸ್ತೀನಿ. ಹೊಸ ಟ್ಯಾಂಕ್ ಖಾಲಿ ಇದ್ದಾಗ ಯೂನಿಟ್ ಕೊಡ್ತಿದ್ದಿದ್ದು 62 ಓಮ್. ಅದಕ್ಕೆ 58 ಸೇರ್ಸಿದ್ರೆ 120 ಆಗುತ್ತೆ, ಮುಳ್ಳು ಇ ಗೆರೆಗೆ ಬರುತ್ತೆ, ಸರಿ. ಆದ್ರೆ ಆ 58 ಓಮ್ ಫುಲ್ ಟ್ಯಾಂಕ್ ಇದ್ದಾಗ್ಲೂ ಅಲ್ಲೇ ಕೂತಿರುತ್ತಲ್ಲ, 4ಕ್ಕೆ 58 ಸೇರಿ 62, ಅಂದ್ರೆ ಫುಲ್ ಟ್ಯಾಂಕಿಗೂ ಮುಳ್ಳು ಕಾಲು ತೋರಿಸುತ್ತೆ. ಪ್ಯಾರಲಲ್ ಆಗಿ ಹಾಕಿದ್ರೆ ಓಮ್ ಇನ್ನೂ ಕಮ್ಮಿ ಆಗೋದ್ರಿಂದ ಖಾಲಿ ಟ್ಯಾಂಕ್ ಇನ್ನಷ್ಟು ತುಂಬಿದಂಗೆ ಕಾಣುತ್ತೆ. ಫ್ಲೋಟು ತಿರುಗೋ ಕೋನಾನೇ ಕಮ್ಮಿ ಆಗಿರುವಾಗ ವೈರಲ್ಲಿ ಏನು ಹಾಕಿದ್ರೂ ಅದು ವಾಪಸ್ ಬರಲ್ಲ. ನಾನು ಖಡಾಖಂಡಿತವಾಗಿ ಹೇಳೋ ಮಾತು ಇದೊಂದೇ, ರಿಪೇರಿ ಸರಳಲ್ಲಿ ಆಗ್ಬೇಕು, ವೈರಲ್ಲಿ ಅಲ್ಲ.

ಈಗ ಸರಳಿನ ಲೆಕ್ಕ. ಕೀಲಿನಿಂದ ಫ್ಲೋಟಿನ ಮಧ್ಯಕ್ಕೆ 15 ಸೆಂಟಿಮೀಟರ್ ಇತ್ತು. ಕೀಲು ಟ್ಯಾಂಕಿನ ಮೇಲಿನ ತಗಡಿಂದ 11 ಸೆಂಟಿಮೀಟರ್ ಕೆಳಗೆ. ಸರಳು ಮೇಲಕ್ಕೆ 40 ಡಿಗ್ರಿ, ಕೆಳಕ್ಕೆ 40 ಡಿಗ್ರಿ ತಿರುಗುತ್ತೆ. ಹಳೇ ಟ್ಯಾಂಕಲ್ಲಿ ಕೀಲಿಂದ ತಳಕ್ಕೆ 12 ಸೆಂಟಿಮೀಟರ್ ಜಾಗ ಇತ್ತು, ಫ್ಲೋಟು ಆರಾಮಾಗಿ ಕೊನೇವರೆಗೂ ಇಳೀತಿತ್ತು. ಹೊಸದ್ರಲ್ಲಿ ಕೀಲಿಂದ ತಳಕ್ಕೆ ಬರೀ 6, ಫ್ಲೋಟು ತಳಕ್ಕೆ ಕೂತ್ಕೊಂಡು ಅಲ್ಲೇ ನಿಂತ್ಬಿಡ್ತಿತ್ತು, ಸರಳು ಇನ್ನೂ 20 ಡಿಗ್ರಿಗಿಂತ ಜಾಸ್ತಿ ಇಳೀಬೇಕಿತ್ತು. ಆ ಕಾಲು ಟ್ಯಾಂಕ್ ಅಲ್ಲಿಂದ ಬಂದಿದ್ದು.

ಎಲ್ಲಿ ಇ ತೋರಿಸ್ಬೇಕು ಅನ್ನೋದನ್ನ ಮೊದ್ಲು ನಾನೇ ನಿರ್ಧಾರ ಮಾಡ್ಕೊಂಡೆ. ಹೊಸ ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ಅಂದ್ರೆ 1.68 ಲೀಟರ್. ಪೆಟ್ರೋಲ್ ಎಳೆಯೋ ಪೈಪು ತಳದಿಂದ 1.2 ಸೆಂಟಿಮೀಟರ್ ಮೇಲಿದೆ, ಹಂಗಾಗಿ ಕೆಳಗಿನ ಎರಡು ಲೀಟರ್ ಯಾವತ್ತೂ ಸಿಗಲ್ಲ. ನನ್ನ ಗಾಡಿ ಘಾಟೀಲಿ ಲೀಟರಿಗೆ ಹತ್ತು ಕಿಲೋಮೀಟರ್ ಕೊಡುತ್ತೆ, ಇ ಗೆರೆ ಮುಟ್ಟಿದ್ಮೇಲೂ 30 ಕಿಲೋಮೀಟರ್ ಓಡ್ಬೇಕು ಅಂದ್ರೆ 5 ಲೀಟರ್ ಇರುವಾಗ್ಲೇ ಇ ತೋರಿಸ್ಬೇಕು, ಅಂದ್ರೆ ಫ್ಲೋಟು ತಳದಿಂದ 3 ಸೆಂಟಿಮೀಟರಲ್ಲಿ. ಮೇಲುಗಡೆ ಫ್ಲೋಟು ಟ್ಯಾಂಕಿನ ಮೇಲಿನ ತಗಡಿಗೆ ತಾಗ್ದೇ ಇರೋಕೆ 15 ಸೆಂಟಿಮೀಟರಿಗೆ ಎಫ್. ಒಟ್ಟು ಓಡಾಟ 12. 80 ಡಿಗ್ರೀಲಿ 12 ಸೆಂಟಿಮೀಟರ್ ಓಡೋಕೆ ಸರಳು 9.3 ಸೆಂಟಿಮೀಟರ್ ಇರ್ಬೇಕು (12ನ್ನ, ಸೈನ್ 40 ಡಿಗ್ರಿಯ ಎರಡರಷ್ಟರಿಂದ ಭಾಗಿಸಿದ್ರೆ ಸಿಗುತ್ತೆ), ಕೀಲು 3 ಮತ್ತು 15ರ ಸರಿ ಮಧ್ಯ, ಅಂದ್ರೆ ತಳದಿಂದ 9ರಲ್ಲಿ ಇರ್ಬೇಕು. ಕೀಲನ್ನ ಮೂರು ಸೆಂಟಿಮೀಟರ್ ಮೇಲಕ್ಕೆತ್ತಬೇಕು.

ಟ್ಯಾಂಕಿನ ಮೇಲೆ ಮೂರು ಸೆಂಟಿಮೀಟರ್ ಎತ್ತರದ ಒಂದು ಕುತ್ತಿಗೆ ವೆಲ್ಡ್ ಮಾಡಿಸಿ ಅದರ ಮೇಲೆ ಯೂನಿಟ್ ಕೂರ್ಸಿದ್ರೆ ಆಗ್ತಿತ್ತು. ಆದ್ರೆ ಟ್ಯಾಂಕಿಗೆ ಆಗ್ಲೇ ಪೆಟ್ರೋಲ್ ಬಿದ್ದಿದೆ. ಖಾಲಿ ಮಾಡಿ ಒಣಗ್ಸಿದ್ರೂ ಒಳಗೆ ಆವಿ ಇದ್ದೇ ಇರುತ್ತೆ, ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯ. ದಯವಿಟ್ಟು ಯಾರೂ ಪೆಟ್ರೋಲ್ ಕುಡಿದ ಟ್ಯಾಂಕಿಗೆ ವೆಲ್ಡಿಂಗ್ ಮುಟ್ಟಿಸ್ಬೇಡಿ, ಹೊಸದು ಮಾಡಿಸೋವಾಗ್ಲೇ ಯೂನಿಟ್ ತಗೊಂಡೋಗಿ ಮೇಸ್ತ್ರಿಗೆ ತೋರಿಸಿ ಕುತ್ತಿಗೆ ಇಡಿಸ್ಕೊಳ್ಳಿ. ನಾನು ಯೂನಿಟ್ಟನ್ನ ಮನೆಗೆ ತಂದು, ಕೀಲು ಹಿಡ್ಕೊಂಡಿರೋ ತಗಡಿನ ಪಟ್ಟೀನ ಗರಗಸದಲ್ಲಿ ಕುಯ್ದು, ಒಂದರ ಮೇಲೊಂದು ಇಟ್ಟು ಎರಡು ರಿವೆಟ್ ಹೊಡ್ದೆ, ಮೂರು ಸೆಂಟಿಮೀಟರ್ ಗಿಡ್ಡ ಆಯ್ತು.

ಸರಳನ್ನ ಮಾತ್ರ ಕುಯ್ಲಿಲ್ಲ. ಲೆಕ್ಕಕ್ಕೆ ಬರೋದು ಕೀಲಿಂದ ಫ್ಲೋಟಿಗೆ ಇರೋ ನೇರ ದೂರ, ಸರಳಿನ ಉದ್ದ ಅಲ್ಲ, ಅದಕ್ಕೇ ನಡುವೆ ಅಂಕುಡೊಂಕಾಗಿ ಬಗ್ಗಿಸಿ 9.3ಕ್ಕೆ ತಂದೆ. ಹೆಚ್ಚುಕಮ್ಮಿ ಆದ್ರೆ ಮತ್ತೆ ಬಿಡಿಸಬಹುದು. ಬಗ್ಗಿಸೋವಾಗ ಕೀಲಿನ ಹತ್ರ ಒಂದು ಇಕ್ಕಳದಲ್ಲಿ ಸರಳನ್ನ ಗಟ್ಟಿ ಹಿಡ್ಕೊಂಡು, ಇನ್ನೊಂದು ಇಕ್ಕಳದಲ್ಲಿ ಬಗ್ಗಿಸ್ಬೇಕು, ಇಲ್ದಿದ್ರೆ ಬಲ ಎಲ್ಲಾ ಆ ತೆಳ್ಳಗಿನ ನಾಲಿಗೆ ಮೇಲೆ ಬಿದ್ದು ತಂತಿ ಕಿತ್ತೋಗುತ್ತೆ. ಆಮೇಲೆ ಒಂದು ರಟ್ಟಿನ ಮೇಲೆ ಸೆಂಟಿಮೀಟರ್ ಗೆರೆ ಎಳೆದು ಗೋಡೆಗೆ ಆನಿಸಿ, ಯೂನಿಟ್ಟನ್ನ ಟ್ಯಾಂಕಲ್ಲಿ ಇರೋ ಎತ್ತರಕ್ಕೇ ಕಟ್ಟಿ, ಫ್ಲೋಟನ್ನ ಒಂದೊಂದೇ ಗೆರೆಗೆ ತಂದು ಓಮ್ ಬರ್ಕೊಂಡೆ. ಬಕೆಟ್ ನೀರಲ್ಲಿ ಬಿಟ್ಟು ನೋಡೋಣ ಅಂತ ಮನಸ್ಸಾಗಿತ್ತು, ಆದ್ರೆ ಪೆಟ್ರೋಲ್ ನೀರಿಗಿಂತ ಹಗುರ, ನೀರಲ್ಲಿ ಫ್ಲೋಟು ಎತ್ತರಕ್ಕೆ ತೇಲುತ್ತೆ, ಪೆಟ್ರೋಲಲ್ಲಿ ಒಂಚೂರು ಮುಳುಗುತ್ತೆ, ಲೆಕ್ಕ ತಪ್ಪುತ್ತೆ.

ವಾಪಸ್ ಹಾಕೋವಾಗ ಪೆಟ್ರೋಲಿಗೆ ಕರಗದ ಗ್ಯಾಸ್ಕೆಟ್ಟೇ ಹಾಕಿ, ಸಾಮಾನ್ಯ ಸಿಲಿಕಾನ್ ಪೇಸ್ಟ್ ಕೆಲವೇ ದಿನಕ್ಕೆ ಉಬ್ಬಿ ಬಿಟ್ಕೊಳ್ಳುತ್ತೆ. ಹಾಕಿದ್ಮೇಲೆ ನೋಡಿದ್ರೆ ಎಲ್ಲಾ ಅಳತೇಲೂ 8 ಓಮ್ ಜಾಸ್ತಿ! ಅರ್ಧ ದಿನ ತಲೆ ಕೆಡ್ತು. ಯೂನಿಟ್‌ಗೆ ಅರ್ಥ್ ಬರೋದು ಟ್ಯಾಂಕಿಂದ, ನನ್ನ ಹೊಸ ಟ್ಯಾಂಕ್ ರಬ್ಬರ್ ಪಟ್ಟಿ ಮೇಲೆ ಕೂತಿದೆ, ಮೇಲಿಂದ ಪೇಂಟ್ ಬೇರೆ ಹೊಡೆದಿದೆ. ಬ್ಯಾಟರಿ ಬಿಚ್ಚಿಟ್ಟು ಯೂನಿಟ್‌ನ ಒಂದು ಸ್ಕ್ರೂ ಕೆಳಗಿಂದ ಚಾಸಿಗೆ ಬೇರೆ ಅರ್ಥ್ ವೈರ್ ಎಳೆದೆ, 8 ಓಮ್ ಹೋಯ್ತು.

ಆಮೇಲೆ ನಿಜವಾದ ಪರೀಕ್ಷೆ. ಕಾಫಿ ಒಣಗಿಸೋ ಕಣ ಮಟ್ಟವಾಗಿರುತ್ತಲ್ಲ, ಬಯಲಲ್ಲಿ ಅಲ್ಲೇ ಗಾಡಿ ನಿಲ್ಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಐದು ಲೀಟರ್ ಕ್ಯಾನಲ್ಲಿ ಅಳೆದು ಅಳೆದು ಹಾಕ್ದೆ. ಹುಯ್ಯೋವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿರ್ತಿತ್ತು, ಮುಚ್ಚಳ ಹಾಕಿ, ಚೆಲ್ಲಿದ್ದು ಆರಿದ್ಮೇಲೆ ಬ್ಯಾಟರಿ ಕೊಟ್ಟು ಕೀ ಆನ್. ಮುಳ್ಳು ನಿಲ್ಲೋಕೆ ಎರಡು ನಿಮಿಷ ಕಾಯ್ಬೇಕು, ಹಳೇ ಮೀಟರ್‌ಗಳು ನಿಧಾನ. 5 ಲೀಟರಿಗೆ 117 ಓಮ್, ಮುಳ್ಳು ಇ ಗೆರೆ ಮೇಲೆ. 10ಕ್ಕೆ 64, ಕಾಲು ಗೆರೆ. 15ಕ್ಕೆ 33, ಸರಿಯಾಗಿ ಅರ್ಧ. 20ಕ್ಕೆ 15, ಮುಕ್ಕಾಲಿಗಿಂತ ಒಂದು ಕೂದಲೆಳೆ ಕಮ್ಮಿ. 25ಕ್ಕೆ 4, ಎಫ್. ಟ್ಯಾಂಕ್ ಡಬ್ಬದ ಆಕಾರದಲ್ಲಿ ಇರೋದ್ರಿಂದ ಇಷ್ಟು ನೇರವಾಗಿ ಬಂತು, ಅಡ್ಡಾದಿಡ್ಡಿ ಆಕಾರ ಇದ್ರೆ ನಡುವಿನ ಗೆರೆಗಳು ಆಚೀಚೆ ಆಗುತ್ವೆ. ಈ ಐದೂ ಅಂಕಿ ಒಂದು ಚೀಟೀಲಿ ಬರೆದು ಸನ್ ವೈಸರ್ ಹಿಂದೆ ಅಂಟಿಸಿದೀನಿ.

ಒಂದು ಕೊರತೆ ಉಳ್ಕೊಂಡಿದೆ. ಟ್ಯಾಂಕಿನ ತೂತು ಹೊಡೆಸಿದ್ದು ಹಳೇ 15 ಸೆಂಟಿಮೀಟರ್ ಸರಳಿನ ಅಳತೆಗೆ, ಫ್ಲೋಟು ಟ್ಯಾಂಕಿನ ನಟ್ಟ ನಡುವೆ ಬರ್ಲಿ ಅಂತ. ಸರಳು ಗಿಡ್ಡ ಆದ್ಮೇಲೆ ಫ್ಲೋಟು ನಡುವಿಂದ ಐದಾರು ಸೆಂಟಿಮೀಟರ್ ಮುಂದೆ ನಿಲ್ತಿದೆ. ಏರು ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ಹೋಗಿ ಮುಳ್ಳು ಒಂದೂವರೆ ಲೀಟರ್‌ನಷ್ಟು ಕಮ್ಮಿ ತೋರಿಸುತ್ತೆ, ಇಳಿಜಾರಲ್ಲಿ ಅಷ್ಟೇ ಜಾಸ್ತಿ. ಇಳಿಯೋವಾಗ ತೋರಿಸೋದನ್ನ ನಾನು ನಂಬಲ್ಲ, ಮಟ್ಟದ ರಸ್ತೆ ಸಿಕ್ಕಿದ್ಮೇಲೆ ನೋಡ್ತೀನಿ.

ಹೋದ ತಿಂಗಳು ಬೇಕೂಂತ್ಲೇ ಮುಳ್ಳು ಇ ಗೆರೆಗೆ ಬರೋವರೆಗೂ ಓಡ್ಸಿ, ಸಕಲೇಶಪುರದ ಬಂಕಲ್ಲಿ ಎಫ್ ತೋರಿಸೋವರೆಗೆ ಹಾಕ್ಸಿದೆ, 20.3 ಲೀಟರ್ ಹಿಡೀತು. ಮಾರನೇ ಭಾನುವಾರ ಅಮ್ಮನ್ನ ಕೂರ್ಸ್ಕೊಂಡು ಅದೇ ಬಿಸ್ಲೆ ದಾರೀಲಿ ಸುಬ್ರಹ್ಮಣ್ಯಕ್ಕೆ ಹೋಗ್ಬಂದೆ.